ತಾಯಿಗೆ ಕ್ಯಾನ್ಸರ್, ಆರೈಕೆಯೆಲ್ಲ ಹತ್ತನೇ ಕ್ಲಾಸಿನ ಹುಡುಗಿಯದೇ: ಶಾಲೆಯಿಂದ ಏನು ಮಾಡಬಹುದು?

ಹೈಸ್ಕೂಲ್_ಮೇಷ್ಟ್ರು:
ನಮ್ಮ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿನಿಯೊಬ್ಬಳ ತಾಯಿ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದಾರೆ. ತಂದೆ ಲಾರಿ ಡ್ರೈವರ್, ಮನೆಗೆ ಬರೋದು ವಾರಕ್ಕೊಮ್ಮೆ. ನಾಲ್ಕು ಗಂಟೆಗೊಮ್ಮೆ ನೋವಿಗೆ ಮಾರ್ಫಿನ್ ಮಾತ್ರೆ ಕೊಡೋದು, ಮಗ್ಗುಲು ಬದಲಿಸೋದು ಎಲ್ಲ ಇವಳೇ. ಹಾಜರಿ ಕಡಿಮೆಯಾಗ್ತಿದೆ, ಬಂದ ದಿನವೂ ತೂಕಡಿಕೆ. ಹಾಸ್ಟೆಲಿಗೆ ಸೇರಿಸೋಣ ಅಂದರೆ ಒಪ್ತಿಲ್ಲ. ಬೇರೆ ದಾರಿ ಇದೆಯೇ?

ಉಪಶಮನ_ನರ್ಸ್:
ಹಾಸ್ಟೆಲ್ ಮಾತು ಬಿಡಿ ಸರ್, ಮೊದಲು ಅವಳ ನಿದ್ದೆ ಉಳಿಸಿ. ರಾತ್ರಿ ಎರಡಕ್ಕೆ ಮಾತ್ರೆ ಕೊಡಲು ಏಳ್ತಿದ್ದಾಳಾ ಕೇಳಿ. ಸಾಮಾನ್ಯವಾಗಿ ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6 ಗಂಟೆಗೆ ಒಂದೊಂದು ಡೋಸ್, ರಾತ್ರಿ 10ಕ್ಕೆ ಎರಡರಷ್ಟು ಬರೆದು ನಡುರಾತ್ರಿಯದನ್ನು ತಪ್ಪಿಸುತ್ತಾರೆ. ಕಿಡ್ನಿ ತೊಂದರೆ ಇದ್ದರೆ ಲೆಕ್ಕವೇ ಬೇರೆ, ಹಾಗಾಗಿ ಡಾಕ್ಟರ್ ಬರೆದುಕೊಡದೆ ಬದಲಿಸಬಾರದು. 12 ಗಂಟೆಗೊಮ್ಮೆ ಕೊಡುವ ಮಾತ್ರೆಯೂ ಇದೆ. ಅದಾದರೆ ಸ್ಕೂಲ್ ಹೊತ್ತಿಗೆ ಡೋಸೇ ಬರಲ್ಲ. ಅದನ್ನು ಮಾತ್ರ ಪುಡಿ ಮಾಡಕೂಡದು, ಅರ್ಧ ದಿನದ ಮಾರ್ಫಿನ್ ಒಟ್ಟಿಗೆ ಮೈಗೆ ಸೇರಿ ಉಸಿರಾಟಕ್ಕೇ ತೊಂದರೆಯಾಗುತ್ತೆ.

ಜೊತೆಗೆ ಕೊಟ್ಟ ಮಲಬದ್ಧತೆಯ ಔಷಧಿಯನ್ನು ಎಷ್ಟೋ ಮನೆಗಳಲ್ಲಿ ನಿಲ್ಲಿಸಿಬಿಡ್ತಾರೆ. ಆಮೇಲೆ ಹೊಟ್ಟೆ ಕಟ್ಟಿ, ವಾಂತಿಯಾಗಿ, ನೋವಿನ ಮಾತ್ರೆಯೇ ಬೇಡ ಅಂತ ರೋಗಿ ಹಟ ಹಿಡಿಯುತ್ತಾರೆ. ಮಾರ್ಫಿನ್ ಇರುವಷ್ಟು ದಿನ ಅದೂ ಇರಬೇಕು.

ತಾಯಿಯನ್ನು ಅವಳೊಬ್ಬಳೇ ಎತ್ತಬಾರದು. ಭುಜದಿಂದ ತೊಡೆಯವರೆಗೆ ಬರುವಂತೆ ಮಡಚಿದ ದುಪ್ಪಟಿ ಅಡಿಗೆ ಹಾಸಿ, ಎರಡೂ ಕಡೆ ಒಬ್ಬೊಬ್ಬರು ಹಿಡಿದು ಸರಿಸಬೇಕು. ನಮ್ಮ ಮೈಬಣ್ಣಕ್ಕೆ ಹಾಸಿಗೆ ಹುಣ್ಣಿನ ಮೊದಲ ಕೆಂಪು ಕಾಣಲ್ಲ. ಸೊಂಟದ ಕೆಳಭಾಗ, ಹಿಮ್ಮಡಿ ಮುಟ್ಟಿ ನೋಡಲಿ. ಬಿಸಿ ಅಥವಾ ಗಟ್ಟಿ ಅನ್ನಿಸಿದರೆ ಆ ಮಗ್ಗುಲಿಗೆ ಮಲಗಿಸೋದು ಬೇಡ, ಎಣ್ಣೆ ಹಚ್ಚಿ ತಿಕ್ಕೋದಂತೂ ಬೇಡವೇ ಬೇಡ.

ಮಕ್ಕಳ_ರಕ್ಷಣೆ:
ಮಿಷನ್ ವಾತ್ಸಲ್ಯ ಅಂತ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆ ಇದೆ. ಅದರ ಪ್ರಾಯೋಜಕತ್ವದಲ್ಲಿ (ಸ್ಪಾನ್ಸರ್‌ಶಿಪ್) ತಿಂಗಳಿಗೆ 4,000 ರೂ. ಸಿಗುತ್ತದೆ. ತಂದೆ ಅಥವಾ ತಾಯಿಗೆ ಮಾರಣಾಂತಿಕ ಕಾಯಿಲೆಯಿದ್ದರೂ ಅರ್ಹತೆಯಿದೆ; ಅನಾಥ ಮಕ್ಕಳಿಗೆ ಮಾತ್ರ ಅಂದುಕೊಂಡು ಬಹಳ ಜನ ಅರ್ಜಿಯನ್ನೇ ಹಾಕಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂ. ಮೀರಬಾರದು. ಡ್ರೈವರ್ ಸಂಬಳಕ್ಕೆ ತೊಡಕಾಗುವುದು ಇಲ್ಲೇ, ನಾಡಕಚೇರಿಯ ಆದಾಯ ಪ್ರಮಾಣಪತ್ರ ಮೊದಲು ನೋಡಿಕೊಳ್ಳಿ. ಮನೆಯಲ್ಲಿ ಹಿರಿಯರೇ ಇಲ್ಲದ ತುರ್ತು ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಹೈಸ್ಕೂಲ್_ಮೇಷ್ಟ್ರು:
ಹಾಜರಿಗೆ ಏನು ಮಾಡಲಿ?

ನಿವೃತ್ತ_ಹೆಡ್‌ಮೇಷ್ಟ್ರು:
ಪರೀಕ್ಷೆಗೆ ಕೂರಲು 75% ಬೇಕೇ ಬೇಕು. ವರ್ಷದ ಕೊನೆಗೆ ಪರದಾಡುವ ಬದಲು ಪ್ರತಿ ತಿಂಗಳು ಲೆಕ್ಕ ಹಾಕಿ, ಇನ್ನೆಷ್ಟು ದಿನ ತಪ್ಪಿಸಬಹುದು ಅಂತ ಅವಳಿಗೇ ತಿಳಿಸಿ. ಆಸ್ಪತ್ರೆ ಚೀಟಿಯ ನಕಲು, ರಜೆ ಅರ್ಜಿ ಆಯಾ ತಿಂಗಳೇ ಫೈಲಿಗೆ ಸೇರಲಿ. ಮನೆಯಿಂದ ಕರೆ ಬಂದರೆ ಆಫೀಸ್ ಫೋನಿನಲ್ಲಿ ಮಾತಾಡಲು ಬಿಡಿ. ಪ್ರಾರ್ಥನೆ ಹೊತ್ತಿಗೆ ಅವಳ ಹೆಸರು ಹೇಳಿ ಚಂದಾ ಎತ್ತಬೇಡಿ, ಮರುದಿನದಿಂದ ಬರೋದೇ ನಿಲ್ಲಿಸ್ತಾಳೆ.

ಉಪಶಮನ_ನರ್ಸ್:
'ಹೇಗಿದ್ದೀಯಮ್ಮ' ಅಂದರೆ 'ಚೆನ್ನಾಗಿದೀನಿ ಸರ್' ಅಂತಾಳೆ ಅಷ್ಟೆ. ನಿನ್ನೆ ರಾತ್ರಿ ಎಷ್ಟು ಸಲ ಎದ್ದೆ, ಬೆಳಗ್ಗೆ ಏನು ತಿಂದೆ ಅಂತ ಕೇಳಿ. ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ. ಉಚಿತ, ಕನ್ನಡದಲ್ಲೇ ಮಾತಾಡ್ತಾರೆ.