ಆಗಸ್ಟ್‌ಗೆ ಪೈಲಟ್ ತರಬೇತಿ ಶುರು: ಈ ಮೂರು ತಿಂಗಳಲ್ಲಿ ಏನು ಮಾಡಲಿ?

ಪ್ರಶ್ನೆ (ದಾವಣಗೆರೆಯಿಂದ):

ನಮಸ್ತೆ ಅಕ್ಕ. ಪಿಯುಸಿ ಸೈನ್ಸ್ ಮುಗಿಸಿದ್ದೇನೆ. ಆಗಸ್ಟ್‌ನಲ್ಲಿ ಅಮೆರಿಕದ ಗ್ರ್ಯಾಂಡ್ ಫೋರ್ಕ್ಸ್‌ಗೆ ಹೋಗ್ತಿದ್ದೇನೆ. ಅಲ್ಲಿನ ನಾರ್ತ್ ಡಕೋಟಾ ವಿಶ್ವವಿದ್ಯಾಲಯದಲ್ಲಿ ಕಮರ್ಷಿಯಲ್ ಏವಿಯೇಷನ್ ಡಿಗ್ರಿ. ವೀಸಾಗೆ ಬೇಕಾದ ವಿಶ್ವವಿದ್ಯಾಲಯದ ಪತ್ರ, ಐ-20, ಬಂದಿದೆ. ಕೈಯಲ್ಲಿ ಇನ್ನು ಮೂರು ತಿಂಗಳಿದೆ. ತಮ್ಮನ ಕಂಪ್ಯೂಟರಿನಲ್ಲಿ ದಿನಾ ಸಿಮ್ಯುಲೇಟರ್ ಹಾರಿಸುತ್ತೇನೆ, ಲ್ಯಾಂಡಿಂಗ್ ಕೂಡ ಚೆನ್ನಾಗಿ ಬರುತ್ತೆ. ಯಾವ ಹೆಡ್‌ಸೆಟ್ ತಗೊಳ್ಳಲಿ? ಏನು ಓದಲಿ? ಕನ್ನಡಕ ಇದೆ, ಮೈನಸ್ 2.5. ಅದರಿಂದ ತೊಂದರೆ ಆಗುತ್ತಾ? ನಿಜ ಹೇಳಬೇಕೆಂದರೆ ವಿಮಾನದಲ್ಲಿ ಕೂತಿರೋದೇ ಒಂದು ಸಲ, ಹುಬ್ಬಳ್ಳಿಯಿಂದ ಬೆಂಗಳೂರಿಗೆ.

ಉತ್ತರ (ಫ್ಲೈಟ್ ಇನ್‌ಸ್ಟ್ರಕ್ಟರ್, ಊರು ತಿಪಟೂರು, ಈಗ ಅಮೆರಿಕ):

ಒಂದೇ ಸಲ ಕೂತಿದ್ದೀಯಾ ಅಂತ ಸಂಕೋಚ ಬೇಡಮ್ಮ. ನಾನು ಮೊದಲ ಸಲ ವಿಮಾನ ಹತ್ತಿದ್ದೇ ತರಬೇತಿಗೆ ಹೊರಟ ದಿನ.

ಹೆಡ್‌ಸೆಟ್ ಮಾತು ಆಮೇಲೆ. ಮೊದಲು ಮೆಡಿಕಲ್. ಎಲ್ಲರೂ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಅದೇ ತಪ್ಪು. ಹಾಸ್ಟೆಲ್ ದುಡ್ಡು ಕಟ್ಟಿ, ಟಿಕೆಟ್ ಮಾಡಿಸಿ, ಅಲ್ಲಿಗೆ ಹೋದ ಮೇಲೆ ಬಣ್ಣ ಗುರುತಿಸೋಕೆ ಆಗುತ್ತಿಲ್ಲ ಅಂತ ಗೊತ್ತಾದರೆ ಏನು ಮಾಡ್ತೀಯಾ? ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ. ಅದು ಮೂರು ದರ್ಜೆಯ ಮೆಡಿಕಲ್ ಕೊಡುತ್ತದೆ. ಒಬ್ಬಳೇ ಹಾರೋಕೆ ಮೂರನೇ ದರ್ಜೆ ಸಾಕು. ಆದರೆ ಇದನ್ನೇ ವೃತ್ತಿ ಮಾಡಿಕೊಳ್ಳುವವಳು ಶುರುವಿನಲ್ಲೇ ಮೊದಲ ದರ್ಜೆ ಮಾಡಿಸಿ ನೋಡಬೇಕು. ಏರ್‌ಲೈನ್ ಕ್ಯಾಪ್ಟನ್‌ಗೆ ಬೇಕಾಗುವುದು ಅದೇ.

ಮೈನಸ್ 2.5ಕ್ಕೆ ಚಿಂತೆ ಬೇಡ. ಕನ್ನಡಕ ಹಾಕಿಕೊಂಡು ಒಂದೊಂದು ಕಣ್ಣಿಗೂ 20/20 ಬಂದರೆ ಮೊದಲ ದರ್ಜೆಗೂ ಆಗುತ್ತದೆ. ಬಣ್ಣದ ಪರೀಕ್ಷೆಯನ್ನು ಮಾತ್ರ ನಾಳೆಯೇ ಊರಿನ ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ಮಾಡಿಸಿಕೋ. ಅದು ಅಧಿಕೃತ ಅಲ್ಲ, ಆದರೆ ಮನಸ್ಸಿಗೆ ಒಂದು ನಿಶ್ಚಿಂತೆ.

ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಕಳೆದ ಮೂರು ವರ್ಷದಲ್ಲಿ ಯಾವ ಡಾಕ್ಟರ ಹತ್ತಿರ ಹೋಗಿದ್ದೆ ಅಂತ ಕೇಳುತ್ತಾರೆ. ಜೀವಮಾನದಲ್ಲೇ ಫಿಟ್ಸ್, ಖಿನ್ನತೆ, ಹೃದಯದ ತೊಂದರೆ ಇತ್ತಾ ಅಂತಲೂ ಕೇಳುತ್ತಾರೆ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆಗೆ ಮಾತ್ರೆ ತಗೊಂಡಿದ್ದರೆ, ಮನಸ್ಸಿನ ಚಿಕಿತ್ಸೆ ಪಡೆದಿದ್ದರೆ ಮುಚ್ಚಿಡಬೇಡ. ಅಂಥವರಿಗೆ ದಾರಿ ಇದೆ, ಉದ್ದ ಅಷ್ಟೇ. ಸುಳ್ಳು ಬರೆದು ಸಿಕ್ಕಿಬಿದ್ದವರಿಗೆ ದಾರಿ ಇಲ್ಲ. ಅನುಮಾನ ಇದ್ದರೆ ಪರೀಕ್ಷೆ ಶುರುವಾಗುವ ಮುಂಚೆ ಎಫ್‌ಎಎ ಮಾನ್ಯತೆ ಇರುವ ವೈದ್ಯರ ಹತ್ತಿರ ಸುಮ್ನೆ ಮಾತಾಡು. ಪರೀಕ್ಷೆ ಶುರುವಾದ ಮೇಲೆ ಫಲಿತಾಂಶ ಏನೇ ಬಂದರೂ ಅವರು ಅದನ್ನು ಇಲಾಖೆಗೆ ಕಳಿಸಲೇಬೇಕು.

ಇನ್ನೊಂದು ಚಿಕ್ಕ ವಿಷಯ. ಶೀತ ಅಂದರೆ ನಮ್ಮ ಮನೆಗಳಲ್ಲಿ ಕೈ ಹೋಗೋದೇ ಸೆಟಿರಿಜಿನ್‌ಗೆ, ಅಲ್ವಾ? ಅದು ನಿದ್ದೆ ಬರಿಸುವ ಮಾತ್ರೆ, ತಗೊಂಡು ಹಾರುವ ಹಾಗಿಲ್ಲ. ಲೊರಾಟಡಿನ್, ಫೆಕ್ಸೊಫೆನಡಿನ್ ಒಗ್ಗಿದರೆ ನಡೆಯುತ್ತದೆ. ಊರಿಂದ ಒಯ್ಯುವ ಔಷಧಿ ಡಬ್ಬಿಯನ್ನು ಒಮ್ಮೆ ಈ ಕಣ್ಣಿನಿಂದ ನೋಡು.

ಎರಡನೆಯದು ನಿನ್ನ ಹೆಸರು. ನಗಬೇಡ! ನಮ್ಮ ಕಡೆ ಇನಿಷಿಯಲ್ ಇಟ್ಟುಕೊಂಡು ಸರ್‌ನೇಮ್ ಖಾಲಿ ಬಿಟ್ಟ ಪಾಸ್‌ಪೋರ್ಟ್‌ಗಳು ಜಾಸ್ತಿ. ಅಂಥ ಪಾಸ್‌ಪೋರ್ಟ್‌ಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಅಚ್ಚಾಗುತ್ತದೆ, ಅಂದರೆ ಹೆಸರು ಗೊತ್ತಿಲ್ಲ ಅಂತ. ಆಮೇಲೆ ಮೆಡಿಕಲ್‌ನಲ್ಲಿ ಒಂದು ಹೆಸರು, ಸ್ಟೂಡೆಂಟ್ ಪೈಲಟ್ ಅರ್ಜಿಯಲ್ಲಿ ಇನ್ನೊಂದು, ಟಿಎಸ್‌ಎ ಅರ್ಜಿಯಲ್ಲಿ ಮತ್ತೊಂದು. ನನ್ನದು ಹೀಗೇ ಆಗಿ ಮೂರು ವಾರ ನೆಲದ ಮೇಲೆ ಕೂತಿದ್ದೆ. ಎಲ್ಲ ಕಡೆ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಬರೆ. ಸರ್‌ನೇಮ್ ಇಲ್ಲದಿದ್ದರೆ ಏನು ಬರೆಯಬೇಕು ಅಂತ ಈಗಲೇ ವಿಶ್ವವಿದ್ಯಾಲಯಕ್ಕೆ ಮೇಲ್ ಹಾಕು.

ಟಿಎಸ್‌ಎ ಅಂದರೆ ಅವರ ಸಾರಿಗೆ ಭದ್ರತೆಯ ಇಲಾಖೆ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ವಿಮಾನ ಹಾರಿಸಿದವರು ಅಮೆರಿಕದ ಫ್ಲೈಟ್ ಸ್ಕೂಲುಗಳಲ್ಲೇ ಕಲಿತಿದ್ದರು. ಅದಕ್ಕೇ ವಿದೇಶಿ ವಿದ್ಯಾರ್ಥಿಗಳ ಹಿನ್ನೆಲೆ ಪರಿಶೀಲನೆ, ಬೆರಳಚ್ಚು ಎಲ್ಲ ಮುಗಿಯದೆ ವಿಮಾನದ ಪಾಠ ಶುರುವಾಗುವುದಿಲ್ಲ. ತರಗತಿ ಪಾಠಕ್ಕೆ ಅಡ್ಡಿ ಇಲ್ಲ.

ಇನ್ನು ಸಿಮ್ಯುಲೇಟರ್. ಬೇಜಾರು ಮಾಡಿಕೊಳ್ಳಬೇಡ, ಅದನ್ನು ಸ್ವಲ್ಪ ಕಡಿಮೆ ಮಾಡು. ಮನೆಯಲ್ಲಿ ತುಂಬಾ ಆಡಿ ಬಂದ ಹುಡುಗರನ್ನು ಕಂಡರೆ ನನಗೆ ದೂರದಿಂದಲೇ ಗೊತ್ತಾಗುತ್ತದೆ. ಕಣ್ಣು ಪರದೆ ಬಿಟ್ಟು ಏಳುವುದಿಲ್ಲ. ಶುರುವಿನ ಪಾಠಗಳಲ್ಲಿ ನೋಡಬೇಕಾದದ್ದು ಹೊರಗೆ, ವಿಮಾನದ ಮೂಗಿನ ತುದಿ ದಿಗಂತಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗಿದೆ ಅಂತ. ಮೀಟರಿನ ಕಡೆ ಕಳ್ಳನೋಟ ಸಾಕು. ಎರಡನೇ ತೊಂದರೆ, ಕಾಲು ಸತ್ತು ಹೋಗಿರುತ್ತದೆ. ಪ್ರೊಪೆಲ್ಲರ್ ವಿಮಾನ ಜೋರಾಗಿ ಏರುವಾಗ ಮೂಗು ಎಡಕ್ಕೆ ಎಳೆಯುತ್ತದೆ, ಬಲಗಾಲಿನಿಂದ ರಡ್ಡರ್, ಅಂದರೆ ಬಾಲದ ಚುಕ್ಕಾಣಿಯ ಪೆಡಲ್, ಒತ್ತಿ ಹಿಡಿಯಬೇಕು. ದಿನಕ್ಕೆ ನೂರು ಸಲ 'ಬಲಗಾಲು, ಬಲಗಾಲು' ಅಂತ ಕೂಗೋದೇ ನನ್ನ ಕೆಲಸ. ನೆಲದ ಮೇಲೆ ಓಡಿಸುವಾಗಲೂ ದಿಕ್ಕು ತಿರುಗಿಸೋದು ಕಾಲು. ಕಾರು ಓಡಿಸಿ ಬಂದವರು ಕೈಯಲ್ಲಿರುವ ಸ್ಟೀರಿಂಗ್‌ನಂಥ ಯೋಕ್ ತಿರುಗಿಸುತ್ತಾ ಕೂರುತ್ತಾರೆ, ವಿಮಾನ ತನ್ನ ಪಾಡಿಗೆ ಹುಲ್ಲಿನ ಕಡೆ ಹೋಗುತ್ತಾ ಇರುತ್ತದೆ.

ಸಿಮ್ಯುಲೇಟರ್ ಬದಲು ಕುರ್ಚಿ ಸಾಕು. ಅಲ್ಲಿ ಕಲಿಸುವ ವಿಮಾನದ ಒಳಗಿನ ಚಿತ್ರ ಗೋಡೆಗೆ ಅಂಟಿಸು. ಕೂತು, ಚೆಕ್‌ಲಿಸ್ಟ್ ಬಾಯಲ್ಲಿ ಹೇಳುತ್ತಾ ಕೈಯಿಂದ ಮುಟ್ಟುತ್ತಾ ಹೋಗು. ಮನೆಯವರು ಏನಾಯ್ತು ಇವಳಿಗೆ ಅಂದರೆ ಅನ್ನಲಿ. ಎಂಜಿನ್ ತಿರುಗುವ ಒಂದೊಂದು ಗಂಟೆಗೂ ದುಡ್ಡು, ಕುರ್ಚಿಗೆ ದುಡ್ಡಿಲ್ಲ.

ಓದೋಕೆ ಎಫ್‌ಎಎಯದೇ ಪೈಲಟ್ ಕೈಪಿಡಿಗಳು ಅವರ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಪ್ರೈವೇಟ್ ಪೈಲಟ್ ಲಿಖಿತ ಪರೀಕ್ಷೆ 60 ಪ್ರಶ್ನೆಗಳದ್ದು, 70 ಪರ್ಸೆಂಟ್ ಬಂದರೆ ಪಾಸು. ಪೂರ್ತಿ ಓದಿಕೊಂಡು ಬಾ ಅಂತ ನಾನು ಹೇಳುವುದಿಲ್ಲ. ರೆಕ್ಕೆ ಯಾಕೆ ಎತ್ತುತ್ತದೆ, ಸ್ಟಾಲ್ ಅಂದರೇನು, ಏರ್‌ಸ್ಪೇಸ್, ಅಂದರೆ ಹಾರುವ ಆಕಾಶ, ಹೇಗೆ ಹಂಚಿದೆ, ಹವಾಮಾನ ವರದಿ ಓದುವುದು ಹೇಗೆ, ಇಷ್ಟು ಸಾಕು. ಸ್ಟಾಲ್ ಅಂದರೆ ಎಂಜಿನ್ ನಿಂತುಹೋಗೋದು ಅಂತ ಅಂದುಕೊಂಡೇ ಅರ್ಧ ಜನ ಬರುತ್ತಾರೆ. ಅದು ಎಂಜಿನ್ನಿನ ಮಾತಲ್ಲ. ರೆಕ್ಕೆ ಗಾಳಿಗೆ ಅತಿಯಾದ ಕೋನದಲ್ಲಿ ಒಡ್ಡಿಕೊಂಡು ಹಿಡಿತ ಬಿಡುವುದು.

ಕೊನೆಗೆ ರೇಡಿಯೋ. ನಮ್ಮವರಿಗೆ ನಿಜವಾಗಿ ಕಷ್ಟ ಆಗೋದು ಇಲ್ಲಿ. ಇಂಗ್ಲಿಷ್ ಬರದೆ ಅಲ್ಲ, ಕೇಳೋಕೆ ನಾಚಿಕೆ. ನಾನು ವಿದ್ಯಾರ್ಥಿಯಾಗಿದ್ದಾಗ, ನೆಲದ ಮೇಲೆ ವಿಮಾನಗಳಿಗೆ ದಾರಿ ಹೇಳುವ ಗ್ರೌಂಡ್ ಕಂಟ್ರೋಲರ್ ಗಡಗಡ ಏನೋ ಹೇಳಿದರು. ಅರ್ಧ ಅರ್ಥವಾಗಲಿಲ್ಲ. ಮೇಷ್ಟ್ರ ಮುಂದೆ ತಲೆಯಾಡಿಸಿ ಅಭ್ಯಾಸ, 'ರಾಜರ್' ಅಂದುಬಿಟ್ಟೆ. ಆಮೇಲೆ ತಪ್ಪು ದಾರಿಗೆ ತಿರುಗಿದೆ. ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ಬ್ರೇಕ್ ಒತ್ತಿದರು, ಒಂದು ಮಾತೂ ಬೈಯಲಿಲ್ಲ. 'ರಾಜರ್ ಅಂದರೆ ನಿನಗೆ ಪೂರ್ತಿ ಕೇಳಿಸಿತು ಅಂತ ಅರ್ಥ. ಕೇಳಿಸಿತಾ?' ಅಂದರು ಅಷ್ಟೇ. ರನ್‌ವೇ ಮುಂದೆ ನಿಲ್ಲು ಅಂತ ಹೇಳಿದರೆ ಅದನ್ನು ತಿರುಗಿ ಹೇಳಲೇಬೇಕು, ಕಂಟ್ರೋಲರ್ ಕಾಯುತ್ತಾರೆ. ಅರ್ಥವಾಗದಿದ್ದರೆ 'ಸೇ ಅಗೇನ್'. ಎರಡನೇ ಸಲ ಆಗದಿದ್ದರೆ 'ಸ್ಟೂಡೆಂಟ್ ಪೈಲಟ್' ಅಂತ ಸೇರಿಸು, ಅವರು ನಿಧಾನ ಮಾಡುತ್ತಾರೆ. ಲೈವ್‌ಎಟಿಸಿ ತಾಣದಲ್ಲಿ ಅಮೆರಿಕದ ಟವರ್‌ಗಳ ಮಾತು ದಿನಾ ಇಪ್ಪತ್ತು ನಿಮಿಷ ಕೇಳು. ರೇಡಿಯೋದಲ್ಲಿ ಎ, ಬಿ, ಸಿ ಅಕ್ಷರಗಳಿಗೆ ಹೇಳುವ ಆಲ್ಫಾ, ಬ್ರಾವೊ, ಚಾರ್ಲಿ ಪಟ್ಟಿಯನ್ನು ಬಸ್ಸಲ್ಲಿ ಹೋಗುವಾಗ ನಂಬರ್ ಪ್ಲೇಟ್ ನೋಡಿ ಅಭ್ಯಾಸ ಮಾಡು. ಕೆಎ 17 ಎದುರಿಗೆ ಬಂದರೆ 'ಕಿಲೋ ಆಲ್ಫಾ ಒನ್ ಸೆವೆನ್'.

ಹೆಡ್‌ಸೆಟ್ ಅಲ್ಲಿಗೆ ಹೋದ ಮೇಲೆ ತಗೋ. ಕೋರ್ಸಿನವರೇ ಪಟ್ಟಿ ಕೊಡುತ್ತಾರೆ, ಸೀನಿಯರ್‌ಗಳು ಹಳೆಯದು ಮಾರುತ್ತಾರೆ.

ಪ್ರಶ್ನೆ (ಮೈಸೂರಿನ ಒಬ್ಬ ತಂದೆ):

ಮೇಡಂ, ನನ್ನ ಮಗನಿಗೂ ಇದೇ ಆಸೆ. ಆದರೆ ಅವನು ವಾಪಸ್ ಬಂದು ಇಲ್ಲಿನ ಏರ್‌ಲೈನ್ ಸೇರಬೇಕು ಅಂತ ನಮ್ಮ ಆಸೆ. ಅಮೆರಿಕದ ಲೈಸೆನ್ಸ್ ಇಲ್ಲಿ ನಡೆಯುತ್ತಾ? ಬೆಂಗಳೂರಿನ ಜಕ್ಕೂರು ಫ್ಲೈಯಿಂಗ್ ಸ್ಕೂಲಿನಲ್ಲೇ ಕಲಿಸಿದರೆ ಆಗಲ್ವಾ?

ಉತ್ತರ:

ಸರ್, ನೇರವಾಗಿ ನಡೆಯುವುದಿಲ್ಲ. ಭಾರತದ ವಿಮಾನಯಾನ ಇಲಾಖೆ ಡಿಜಿಸಿಎಯ ಲೈಸೆನ್ಸ್‌ಗೆ ಬದಲಾಯಿಸಿಕೊಳ್ಳಬೇಕು. ಅದಕ್ಕೆ ಅವರ ಪರೀಕ್ಷೆಗಳು, ಅವರ ಕ್ಲಾಸ್ 1 ಮೆಡಿಕಲ್, ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್ ಎಲ್ಲ ಬೇಕು. ವಾಪಸ್ ಬರೋದು ಖಚಿತ ಅಂದರೆ ಹೋಗುವ ಮುಂಚೆಯೇ ಡಿಜಿಸಿಎ ಮೆಡಿಕಲ್ ಮುಗಿಸಿಕೊಳ್ಳಿ. ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಕ್ಲಾಸ್ 1 ಮಾಡುತ್ತಾರೆ.

ಇನ್ನೊಂದು ಲೆಕ್ಕ ಹೇಳುತ್ತೇನೆ, ಏಜೆಂಟರು ಹೇಳದ್ದು. 2009ರಲ್ಲಿ ಅಮೆರಿಕದ ಬಫಲೋ ಊರಿನ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತರು. ಅದಾದ ಮೇಲೆ ಅಮೆರಿಕದ ಏರ್‌ಲೈನ್‌ನಲ್ಲಿ ಕೋ-ಪೈಲಟ್ ಆಗೋಕೂ 1500 ಗಂಟೆ ಹಾರಿರಬೇಕು ಅಂತ ನಿಯಮ ಬಂತು. ಮಾನ್ಯತೆ ಇರುವ ವಿಶ್ವವಿದ್ಯಾಲಯದಲ್ಲಿ ಏವಿಯೇಷನ್ ಡಿಗ್ರಿ ಮಾಡಿದವರಿಗೆ ಅದು 1000ಕ್ಕೆ ಇಳಿಯುತ್ತದೆ. ವಿಶ್ವವಿದ್ಯಾಲಯದ ದುಬಾರಿ ಫೀಸಿಗೆ ಸಿಗುವ ದೊಡ್ಡ ಲಾಭ ಇದೇ. ಆದರೆ ಭಾರತದ ಕಮರ್ಷಿಯಲ್ ಲೈಸೆನ್ಸ್‌ಗೆ ಬೇಕಾದದ್ದು 200 ಗಂಟೆ. ಅಂದಮೇಲೆ ಆ 500 ಗಂಟೆಯ ರಿಯಾಯಿತಿ ನಿಮ್ಮ ಮಗನಿಗೆ ಕೆಲಸಕ್ಕೆ ಬರುವುದಿಲ್ಲ. ಅವನಿಗೆ ಡಿಗ್ರಿಯೂ ಬೇಕು, ಆ ವಾತಾವರಣವೂ ಬೇಕು ಅಂದರೆ ಕಳಿಸಿ. ಬರೀ ಲೈಸೆನ್ಸ್‌ಗೆ ಆದರೆ ನಾಲ್ಕು ವರ್ಷದ ಅಮೆರಿಕ ಡಿಗ್ರಿ ಜಾಸ್ತಿಯಾಯಿತು ಅಂತ ನನ್ನ ಅಭಿಪ್ರಾಯ. ಜಕ್ಕೂರಿನ ಈಗಿನ ವಿಚಾರ ಅಲ್ಲಿಗೇ ಹೋಗಿ, ಕಲಿಯುತ್ತಿರುವ ಹುಡುಗರನ್ನೇ ಕೇಳಿ.

ಪ್ರಶ್ನೆ (ಡಲ್ಲಾಸ್‌ನಿಂದ):

ನಮ್ಮ ಮಗ ಇಲ್ಲೇ ಹುಟ್ಟಿದವನು, ಏವಿಯೇಷನ್ ಓದೋಕೆ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಸೇರ್ತಿದ್ದಾನೆ. ಈ ಬೇಸಿಗೆಯಲ್ಲೇ ಪಕ್ಕದ ಏರ್‌ಪೋರ್ಟ್‌ನಲ್ಲಿ ಪ್ರೈವೇಟ್ ಲೈಸೆನ್ಸ್ ಮುಗಿಸಿಬಿಡಲಾ ಅಂತಾನೆ. ಒಳ್ಳೇದಾ?

ಉತ್ತರ:

ಪ್ರೈವೇಟ್ ಮಾತ್ರ ಆದರೆ ಸರಿ. ಅದನ್ನು ಒಪ್ಪಿಕೊಳ್ಳುತ್ತಾರಾ ಅಂತ ಮೊದಲು ಪರ್ಡ್ಯೂನಲ್ಲಿ ಕೇಳಿಕೊಳ್ಳಿ. ಉತ್ಸಾಹದಲ್ಲಿ ಮುಂದಿನ ಹಂತಗಳಾದ ಇನ್‌ಸ್ಟ್ರುಮೆಂಟ್ (ಮೀಟರು ನೋಡಿಯೇ ಹಾರುವುದು), ಕಮರ್ಷಿಯಲ್ ಕೂಡ ಹೊರಗೆ ಮಾಡಿಬಿಟ್ಟರೆ ಮೇಲೆ ಹೇಳಿದ, 1500 ಗಂಟೆ 1000ಕ್ಕೆ ಇಳಿಯುವ ರಿಯಾಯಿತಿ ಕೈತಪ್ಪುತ್ತದೆ. ಅವೆರಡನ್ನೂ ವಿಶ್ವವಿದ್ಯಾಲಯದ ಕೋರ್ಸಿನಲ್ಲೇ ಮಾಡಿರಬೇಕು.

ದುಡ್ಡಿನ ಅಂದಾಜು ಹಾಕುವಾಗ ಪ್ರೈವೇಟ್ ಲೈಸೆನ್ಸ್‌ಗೆ ಇಷ್ಟು ಹಾರಿದರೆ ಸಾಕು ಅನ್ನುವ ಕಾಗದದ ಮೇಲಿನ 40 ಗಂಟೆಯನ್ನು ನಂಬಬೇಡಿ. ಅದು ಕನಿಷ್ಠ. 60 ದಾಟುವುದು ಮಾಮೂಲು. ವಾರಕ್ಕೆ ಒಂದೇ ಸಲ ಹಾರಿದರೆ ಹೋದ ವಾರದ್ದು ಮರೆತಿರುತ್ತದೆ, ಮೂರು ಸಲ ಹಾರಿದರೆ ಕೈಗೆ ಹತ್ತುತ್ತದೆ. ಅಂದಹಾಗೆ ಪರ್ಡ್ಯೂ ಹಾರಾಟಕ್ಕೆ ಹಳೇ ಮನೆ. ಹೆಸರಾಂತ ಪೈಲಟ್ ಅಮೆಲಿಯಾ ಏರ್‌ಹಾರ್ಟ್ 1935ರಿಂದ ಅಲ್ಲಿ ಕೆಲಸ ಮಾಡಿದವರು.

ಪ್ರಶ್ನೆ (ದಾವಣಗೆರೆಯಿಂದ, ಮತ್ತೆ):

ಅಕ್ಕ, ಬಣ್ಣದ ಟೆಸ್ಟ್ ಮಾಡಿಸಿಕೊಂಡು ಬಂದೆ, ಸರಿ ಇದೆ ಅಂದರು. ಪಾಸ್‌ಪೋರ್ಟ್ ತೆಗೆದು ನೋಡಿದರೆ ಸರ್‌ನೇಮ್ ಖಾಲಿ! ಮೇಲ್ ಹಾಕಿದ್ದೇನೆ. ಇನ್ನೆರಡು ಪ್ರಶ್ನೆ. ನನಗೆ ಆಗುಂಬೆ ಘಾಟಿಯಲ್ಲಿ ವಾಂತಿ ಬರುತ್ತೆ, ಹಾರುವಾಗಲೂ ಬರುತ್ತಾ? ಮತ್ತೆ ಅಲ್ಲಿ ಚಳಿ ಮೈನಸ್ 30 ಅಂತಾರೆ, ಅದರಲ್ಲಿ ಹಾರಿಸ್ತಾರಾ?

ಉತ್ತರ:

ವಾಂತಿ ಬರಬಹುದು. ಘಾಟಿಯಲ್ಲಿ ನೀನು ಹಿಂದಿನ ಸೀಟಿನಲ್ಲಿ ಕೂತಿರುತ್ತೀಯಾ, ಇಲ್ಲಿ ಓಡಿಸುವವಳೇ ನೀನು, ಹಾಗಾಗಿ ಎಷ್ಟೋ ಕಡಿಮೆ. ದೂರ ದಿಗಂತ ನೋಡು. ಖಾಲಿ ಹೊಟ್ಟೆಯಲ್ಲಿ ಹೋಗಬೇಡ, ಹೊಟ್ಟೆ ಬಿರಿಯ ತಿಂದೂ ಹೋಗಬೇಡ. ಎರಡು ಇಡ್ಲಿ ಲೆಕ್ಕ. ಒಂದು ಕವರ್ ಜೇಬಿನಲ್ಲಿರಲಿ, ನಾಚಿಕೆ ಏನಿಲ್ಲ.

ಚಳಿಯಲ್ಲೂ ಹಾರುತ್ತಾರೆ, ತೀರಾ ಜಾಸ್ತಿ ಆದರೆ ರದ್ದು. ತಣ್ಣನೆ ಗಾಳಿ ದಟ್ಟ, ಆ ದಿನಗಳಲ್ಲಿ ವಿಮಾನ ಏರುವುದನ್ನು ನೋಡಿದರೆ ಬೇರೆ ಎಂಜಿನ್ ಹಾಕಿದ್ದಾರಾ ಅನ್ನಿಸುತ್ತದೆ. ಗ್ರ್ಯಾಂಡ್ ಫೋರ್ಕ್ಸ್ ಸುತ್ತ ನೆಲ ರೊಟ್ಟಿ ತಟ್ಟಿದ ಹಾಗೆ ಸಮ. ಹಿಂದೆ ಅದು ದೊಡ್ಡ ಸರೋವರದ ತಳ. ಹೊಲಗಳ ನಡುವೆ ಮೈಲಿಗೊಂದು ರಸ್ತೆ ನೇರ ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ. ಹೊಸಬರಿಗೆ ದಿಕ್ಕು ಹಿಡಿಯೋಕೆ ಅದಕ್ಕಿಂತ ಒಳ್ಳೆ ಜಾಗ ಬೇಡ. ಗಾಳಿಯನ್ನು ತಡೆಯೋಕೂ ಅಲ್ಲಿ ಏನೂ ಇಲ್ಲ ಅನ್ನೋದು ಮೊದಲ ವಾರದಲ್ಲೇ ಗೊತ್ತಾಗುತ್ತೆ.

ಕಷ್ಟ ಇರೋದು ನೆಲದ ಮೇಲೆ. ಹಾರುವ ಮುಂಚೆ ಇಂಧನದಲ್ಲಿ ನೀರು ಸೇರಿದೆಯಾ ಅಂತ ಸ್ವಲ್ಪ ಸ್ವಲ್ಪ ತೆಗೆದು ನೋಡಬೇಕು. ಸೆಸ್ನಾ 172ಎಸ್ ಅನ್ನೋ ಚಿಕ್ಕ ತರಬೇತಿ ವಿಮಾನದಲ್ಲಿ ಅಂಥ ಜಾಗ 13 ಇವೆ. ಆ ಚಳಿಯಲ್ಲಿ ಬೆರಳ ಮೇಲೆ ಪೆಟ್ರೋಲ್ ಚೆಲ್ಲಿದರೆ ಕಣ್ಣಲ್ಲಿ ನೀರು ಬರುತ್ತದೆ. ದಪ್ಪ ಜಾಕೆಟ್, ಬೂಟು ಅಲ್ಲೇ ತಗೋ, ನಮ್ಮೂರ ಸ್ವೆಟರ್ ಒಳಗೆ ಹಾಕೋಕೆ ಸಾಕು. ಗ್ಲೌಸ್ ಮಾತ್ರ ಎರಡು ಜೊತೆ ಇಟ್ಟುಕೋ. ಒಂದು ಒದ್ದೆಯಾಗೇ ಆಗುತ್ತದೆ.