ಹಳ್ಳದ ಮೀನು ಎಣಿಸುವುದು ಹೇಗೆ? ಚೆಕ್‌ಡ್ಯಾಂ ಸಮೀಕ್ಷೆಗೆ ಸಲಹೆ ಬೇಕು

ಹೊಸಬ:
ಎಲ್ಲರಿಗೂ ನಮಸ್ಕಾರ. ಆಗುಂಬೆ, ತೀರ್ಥಹಳ್ಳಿ ನಡುವೆ ಮಾಲತಿ ನದಿಗೆ ಸೇರುವ ಎರಡು ಹಳ್ಳಗಳಲ್ಲಿ ಮೀನಿನ ಸಮೀಕ್ಷೆ ಮಾಡಬೇಕಿದೆ. ಒಂದರಲ್ಲಿ ಆಳೆತ್ತರದ ಚೆಕ್‌ಡ್ಯಾಂ ಈಗಾಗಲೇ ಇದೆ, ಇನ್ನೊಂದರಲ್ಲಿ ಮುಂದಿನ ವರ್ಷ ಕಟ್ಟುವ ಮಾತಿದೆ. ಅಡ್ಡ ಕಟ್ಟಿದರೆ ಮೀನಿಗೆ ಏನಾಗುತ್ತದೆ, ಮೀನು ಹತ್ತಲು ದಾರಿ ಬಿಡಬೇಕೇ ಅಂತ ಅರಣ್ಯ ಇಲಾಖೆಗೆ ವರದಿ ಕೊಡಬೇಕು. ನಾವು 4 ಜನ. ನವೆಂಬರ್‌ನಿಂದ ಮೇವರೆಗೆ ಸಮಯ, 12 ಜಾಗ. ಒಂದು ಬೀಸುಬಲೆ, ಒಂದು ಗಿಲ್‌ನೆಟ್ (ನೀರಲ್ಲಿ ಕಟ್ಟಿಬಿಡುವ, ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ), ಎರವಲು ತಂದ ಆಮ್ಲಜನಕದ ಮೀಟರ್ ಇವೆ. ಯಾವ ಬಲೆ, ಎಷ್ಟು ಹೊತ್ತು, ಮೀನು ಸಾಯದಂತೆ ಅಳೆಯುವುದು ಹೇಗೆ? ಎಡವುವ ಜಾಗ ಯಾವುದು? ತಿಳಿದವರು ಹೇಳಿ.

ಕೂಳಿ:
ಬಲೆಯ ಮಾತಿಗೆ ಮೊದಲು ತಿಂಗಳ ಮಾತು. ನಿಮ್ಮ ಪ್ರಶ್ನೆ ಅಡ್ಡಗಟ್ಟಿನದು. ಮೀನು ಆ ಗೋಡೆಗೆ ತಲೆ ಕೊಡುವುದು ಜೂನ್, ಜುಲೈಯಲ್ಲಿ. ನೀವು ನೀರಿಗಿಳಿಯುವುದು ನವೆಂಬರ್‌ನಲ್ಲಿ! ಮೊದಲ ದೊಡ್ಡ ಮಳೆಗೆ ಹೊಸನೀರು ಬಂದಾಗ ಹತ್ತುಮೀನು ಹಳ್ಳದಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಏರುತ್ತವೆ. ಕರಾವಳಿಯಲ್ಲಿ ಇದನ್ನೇ ಉಬರ್ ಮೀನು ಅನ್ನುತ್ತಾರೆ. ಆ ಕೆಲವು ದಿನ ಬಿಟ್ಟರೆ ಉಳಿದ 7 ತಿಂಗಳ ಅಂಕಿ ಇಟ್ಟುಕೊಂಡು "ದಾರಿ ಬೇಕು" ಅಂತಲೂ ಹೇಳಲಾಗದು, "ಬೇಡ" ಅಂತಲೂ ಹೇಳಲಾಗದು.

ಮಳೆಗಾಲದ ಕೆಂಪುನೀರಿನಲ್ಲಿ ಇಳಿದು ಬಲೆ ಹಾಕುವುದು ಅಪಾಯ, ಅದರ ಅಗತ್ಯವೂ ಇಲ್ಲ. ಅಡ್ಡಗಟ್ಟಿನ ಕೆಳಗಿನ ಊರಲ್ಲಿ ಕೂಳಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಇಡುವವರು ಇದ್ದೇ ಇರುತ್ತಾರೆ, ಮೇಲಿನ ಊರಲ್ಲೂ ಇರುತ್ತಾರೆ. ಎರಡೂ ಕಡೆ ದಿನಕ್ಕೆ ಎಷ್ಟು ಕೂಳಿ ಇಟ್ಟರು, ಎಷ್ಟು ಗಂಟೆ ಇತ್ತು, ಯಾವ ಮೀನು ಎಷ್ಟು, ಹೊಟ್ಟೆಯಲ್ಲಿ ಮೊಟ್ಟೆ ಇತ್ತೇ ಅಂತ ಬರೆದುಕೊಳ್ಳಿ. ಪಕ್ಕದಲ್ಲಿ ಆ ದಿನದ ಮಳೆ ಎಷ್ಟು ಮಿ.ಮೀ. ಅಂತ ಇರಲಿ. ಕೂಳಿ ಇಟ್ಟೂ ಮೀನು ಬೀಳದ ದಿನವನ್ನು ಸೊನ್ನೆ ಅಂತಲೇ ಬರೆಯಬೇಕು. ಹಾಳೆ ಖಾಲಿ ಬಿಟ್ಟರೆ ಅದು ಸೊನ್ನೆಯೋ, ಹೋಗದೇ ಇದ್ದ ದಿನವೋ ಮುಂದೆ ಯಾರಿಗೂ ಗೊತ್ತಾಗುವುದಿಲ್ಲ.

ಅಂಕಿಸಂಖ್ಯೆ:
ಕೂಳಿ ಅವರು ಹೇಳಿದ್ದು ಸರಿ. ಜಾಗಗಳ ಹಂಚಿಕೆ ಬಗ್ಗೆ ನನ್ನದೊಂದು ಮಾತು. ಎರಡನೇ ಹಳ್ಳದಲ್ಲಿ ಇನ್ನೂ ಕಟ್ಟಿಲ್ಲ ಅನ್ನುವುದೇ ನಿಮಗೆ ಸಿಕ್ಕ ದೊಡ್ಡ ಅವಕಾಶ. ಕಟ್ಟುವ ಮೊದಲಿನ ಲೆಕ್ಕ ಮತ್ತೆ ಸಿಗುವುದಿಲ್ಲ. ಆದರೆ ಮುಂದಿನ ವರ್ಷ ಮೀನು ಕಡಿಮೆಯಾದರೆ ಅದು ಕಟ್ಟೆಯಿಂದಲೋ, ಮಳೆ ಕಡಿಮೆಯಾಗಿದ್ದರಿಂದಲೋ? ಇದನ್ನು ಬೇರ್ಪಡಿಸಲು ಎಂದೂ ಕಟ್ಟದ ಮೂರನೇ ಹಳ್ಳ ಬೇಕು. ಹಾಗಾಗಿ 12 ಜಾಗವನ್ನು ಹಳ್ಳಕ್ಕೆ 4ರಂತೆ ಮೂರು ಹಳ್ಳಕ್ಕೆ ಹಂಚಿ. ಕಟ್ಟೆಯ (ಅಥವಾ ಕಟ್ಟುವ ಜಾಗದ) ಮೇಲೆ 2, ಕೆಳಗೆ 2. ಮೂರನೆಯದರಲ್ಲಿ ಅದೇ ಅಂತರದಲ್ಲಿ 4.

ಆ ಮೂರನೇ ಹಳ್ಳ ಆರಿಸುವಾಗ ಎಚ್ಚರ. ಆಗುಂಬೆ ಸುತ್ತ ಕೆಲವೇ ಕಿ.ಮೀ. ಅಂತರದಲ್ಲಿ ನೀರು ಎರಡು ದಿಕ್ಕು ಹಿಡಿಯುತ್ತದೆ. ಮಾಲತಿಯ ನೀರು ತುಂಗೆ, ತುಂಗಭದ್ರೆ ದಾಟಿ ಕೃಷ್ಣೆಗೆ, ಸೀತಾನದಿಯದು ಅರಬ್ಬಿ ಸಮುದ್ರಕ್ಕೆ. ಎರಡರ ಮೀನುಗಳು ಒಂದೇ ಅಲ್ಲ. ರಸ್ತೆಗೆ ಹತ್ತಿರ ಅಂತ ಘಟ್ಟದಂಚಿನ ಪಶ್ಚಿಮದ ಹಳ್ಳ ಹಿಡಿದರೆ ಹೋಲಿಕೆ ಅಲ್ಲಿಗೇ ಮುಗಿಯಿತು.

ಪ್ರತಿ ಜಾಗ ಕನಿಷ್ಠ 100 ಮೀಟರ್ ಉದ್ದ ಇರಲಿ. ಅದರೊಳಗೆ ಮಡು, ಸರಾಗ ಹರಿವು, ಕಲ್ಲಿನ ಮೇಲೆ ನೊರೆಯೆದ್ದು ಓಡುವ ತೆಳುನೀರು ಮೂರೂ ಬರಬೇಕು. ಬರೀ ಮಡುವಿನಲ್ಲಿ ಬಲೆ ಹಾಕಿದರೆ ಕಲ್ಲಿಗಂಟುವ ಮೀನುಗಳೆಲ್ಲ ಲೆಕ್ಕದಿಂದ ಹೊರಗೆ.

ಬೀಸುಬಲೆ:
ಇರುವ ಎರಡು ಬಲೆ ಸಾಲದು. ಒಂದೊಂದು ಬಲೆಗೂ ಒಂದೊಂದು ಕುರುಡು ಇದೆ.

ಬೀಸುಬಲೆ ಮಡುವಿಗೂ ಮರಳು ತಳಕ್ಕೂ ಚೆನ್ನ. ಕಣ್ಣು 8–10 ಮಿ.ಮೀ. ಇರಲಿ. ಕಲ್ಲುಬಂಡೆ ಇದ್ದಲ್ಲಿ ಸೀಸದ ಗುಂಡು ಬಂಡೆಯ ಮೇಲೆ ನಿಂತು ಅಡಿಯಲ್ಲಿ ಸಂದಿ ಉಳಿಯುತ್ತದೆ, ಮೀನು ಅಲ್ಲಿಂದ ಜಾರುತ್ತದೆ. ಬಲೆ ಅರೆಬರೆ ಬಿಚ್ಚಿಕೊಂಡ ಬೀಸನ್ನು ಲೆಕ್ಕಕ್ಕೆ ಹಿಡಿಯಬೇಡಿ, ಇನ್ನೊಮ್ಮೆ ಬೀಸಿ. ಜಾಗಕ್ಕೆ 20 ಬೀಸು ಅಂತ ಮಾಡಿದರೆ ಎಲ್ಲ ಜಾಗಕ್ಕೂ 20. ಬೀಸುವವರು ಒಬ್ಬರೇ ಇರಲಿ, ಕೈ ಬದಲಾದರೆ ಬಲೆ ಬಿಚ್ಚುವ ಅಗಲ ಬದಲಾಗುತ್ತದೆ.

ತೆಳುನೀರಿಗೆ ಎರಡು ಬಿದಿರು ಕೋಲಿಗೆ ಕಟ್ಟಿದ 1.5 ಮೀಟರ್ ಅಗಲದ ಸೊಳ್ಳೆಪರದೆ ಸಾಕು. ಇಬ್ಬರು ಕೆಳಗೆ ಹಿಡಿದು ನಿಲ್ಲಿ, ಒಬ್ಬರು 2 ಮೀಟರ್ ಮೇಲಿಂದ ಕಲ್ಲು ಅಲುಗಿಸುತ್ತ ಬರಲಿ. ಕಲ್ಲಿಗಂಟುವ ಗಾರಾ ಮೀನು, ಕಲ್ಲಡಿಯ ಸಣ್ಣ ಲೋಚ್ ಮೀನುಗಳು ಹೀಗೇ ಸಿಗುವುದು. ತೆಗೆದ ಕಲ್ಲನ್ನು ಅಲ್ಲೇ, ಅದೇ ಮಗ್ಗುಲಲ್ಲಿ ಇಡಿ. ಅದರಡಿ ಮೊಟ್ಟೆ ಇರಬಹುದು.

ಗಿಲ್‌ನೆಟ್ ಬಗ್ಗೆ ಕಟ್ಟುನಿಟ್ಟು: ರಾತ್ರಿ ಬಿಡಬೇಡಿ. ನೀರುನಾಯಿ, ಆಮೆ ಸಿಕ್ಕಿಕೊಂಡರೆ ಉಸಿರುಗಟ್ಟಿ ಸಾಯುತ್ತವೆ. ಹಗಲಲ್ಲಿ 2 ಗಂಟೆ ಹಾಕಿ, ಅರ್ಧ ಗಂಟೆಗೊಮ್ಮೆ ನೋಡಿ. ಕಣ್ಣಿನ ಅಳತೆ ಬರೆಯುವಾಗ ಗಂಟಿನಿಂದ ಗಂಟಿಗೋ, ಎಳೆದು ಹಿಡಿದು ಅಳೆದದ್ದೋ ಅಂತ ನಮೂದಿಸಿ. ಅಂಗಡಿಯಲ್ಲಿ ಎಳೆದ ಅಳತೆ ಹೇಳುತ್ತಾರೆ, ಅದು ಮೊದಲಿನದರ ಎರಡರಷ್ಟು. ಇದೊಂದನ್ನು ಬರೆಯದೆ ಹಳೆಯ ಎಷ್ಟೋ ವರದಿಗಳ ಅಂಕಿ ಹೋಲಿಕೆಗೆ ಬಾರದಂತಾಗಿವೆ.

ಎಲ್ಲ ಕೆಲಸ ಕೆಳಗಿನಿಂದ ಮೇಲಕ್ಕೆ. ಮೇಲಿಂದ ಶುರು ಮಾಡಿದರೆ ಕದಡಿದ ನೀರು ನಿಮಗಿಂತ ಮೊದಲು ಕೆಳಗಿನ ಮೀನಿಗೆ ಸುದ್ದಿ ಮುಟ್ಟಿಸುತ್ತದೆ.

ಹೊಸಬ:
ತುಂಬಾ ಉಪಕಾರ. ಬ್ಯಾಟರಿ ಶಾಕ್ ಕೊಟ್ಟು ಹಿಡಿದರೆ ಎಲ್ಲ ಜಾತಿಯೂ ಒಮ್ಮೆಗೇ ಸಿಗುತ್ತದೆ ಅನ್ನುತ್ತಾರಲ್ಲ? ಮತ್ತೆ, ಸಿಕ್ಕಿದ್ದರಿಂದ ಒಟ್ಟು ಎಷ್ಟು ಮೀನು ಇದೆ ಅಂತ ಹೇಳಬಹುದೇ?

ಬೀಸುಬಲೆ:
ಇನ್ವರ್ಟರ್ ಕಟ್ಟಿಕೊಂಡು ಹೋಗುವುದು ಕಳ್ಳಬೇಟೆಯವರ ದಾರಿ. ಮೀನಿನ ಜೊತೆ ಮನುಷ್ಯರೂ ಸಾಯುತ್ತಾರೆ. ಸಂಶೋಧನೆಯ ಬೆನ್ನುಚೀಲದ ಉಪಕರಣ ಬೇರೆ. ಅದು ಮಿಡಿತದ ಏಕಮುಖ ವಿದ್ಯುತ್ತು ಕೊಡುತ್ತದೆ, ಹಿಡಿತ ಬಿಟ್ಟರೆ ತಾನೇ ನಿಲ್ಲುತ್ತದೆ. ಅದಕ್ಕೂ ಅನುಮತಿ ಮತ್ತು ತರಬೇತಿ ಬೇಕು. ಇನ್ನೊಂದು ತೊಡಕೂ ಇದೆ: ಘಟ್ಟದ ಹಳ್ಳದ ನೀರಿನಲ್ಲಿ ಲವಣ ಬಹಳ ಕಡಿಮೆ, ವಿದ್ಯುತ್ತು ಸರಿಯಾಗಿ ಹರಿಯುವುದಿಲ್ಲ. ವೋಲ್ಟೇಜ್ ಏರಿಸುತ್ತ ಹೋದರೆ ಹತ್ತಿರದ ಮೀನಿನ ಬೆನ್ನೆಲುಬು ಮುರಿಯುತ್ತದೆ, ದೂರದ್ದಕ್ಕೆ ಏನೂ ಆಗುವುದಿಲ್ಲ. ನಾಲ್ಕೇ ಜನ ಇದ್ದೀರಿ, ಆ ಯೋಚನೆ ಬಿಡಿ.

ಅಂಕಿಸಂಖ್ಯೆ:
ಒಟ್ಟು ಸಂಖ್ಯೆಗೆ ಸುಲಭ ದಾರಿ ಇದೆ, ಎಲ್ಲ ಕಡೆ ಅಲ್ಲ. 30–50 ಮೀಟರಿನ ತುಂಡನ್ನು ಎರಡೂ ತುದಿಗೆ 5 ಮಿ.ಮೀ. ಕಣ್ಣಿನ ಬಲೆ ಕಟ್ಟಿ ಮುಚ್ಚಿ, ಅಡಿಗೆ ಕಲ್ಲು ಹೇರಿ. ಒಳಗೆ ಒಂದು ಸುತ್ತು ಹಿಡಿದು ಮೀನನ್ನು ಹೊರಗಿನ ಟಬ್ಬಿನಲ್ಲಿಡಿ. ಅಷ್ಟೇ ಹೊತ್ತು, ಅಷ್ಟೇ ಜನ, ಅದೇ ಬಲೆಯಲ್ಲಿ ಇನ್ನೊಂದು ಸುತ್ತು. ಮೊದಲ ಸುತ್ತಿನ ಸಂಖ್ಯೆಯ ವರ್ಗವನ್ನು ಎರಡು ಸುತ್ತಿನ ವ್ಯತ್ಯಾಸದಿಂದ ಭಾಗಿಸಿ. ಮೊದಲು 60, ಆಮೇಲೆ 20 ಸಿಕ್ಕರೆ 3600ನ್ನು 40ರಿಂದ ಭಾಗಿಸಿ 90. ಎರಡನೇ ಸುತ್ತಿನಲ್ಲಿ 50 ಸಿಕ್ಕರೆ ಲೆಕ್ಕ 360ಕ್ಕೆ ಹಾರುತ್ತದೆ. ಅದನ್ನು ನಂಬಬೇಡಿ, ಮೂರನೇ ಸುತ್ತು ಮಾಡಿ. ಜಾತಿವಾರು ಬೇರೆ ಬೇರೆ ಲೆಕ್ಕ ಹಾಕಬೇಕು, ಎಲ್ಲ ಮೀನೂ ಒಂದೇ ಸಲೀಸಾಗಿ ಸಿಕ್ಕುವುದಿಲ್ಲ.

ಇದು ಮೊಣಕಾಲುದ್ದದ ನೀರಿಗೆ ಮಾತ್ರ. ದೊಡ್ಡ ಮಡುವಿಗೆ "20 ಬೀಸಿಗೆ ಇಷ್ಟು" ಅನ್ನುವುದೇ ಪ್ರಾಮಾಣಿಕ ಅಂಕಿ.

ಕಲ್ಲುಮೀನು:
ಮೀನು ಸಾಯದಂತೆ ಅಳೆಯುವ ಬಗ್ಗೆ ಕೇಳಿದ್ದೀರಿ. ಮೂರು ಟಬ್ಬು ಬೇಕು: ಹಿಡಿದದ್ದಕ್ಕೆ, ಅಳೆಯುವಾಗ ಅಲುಗದಂತೆ ಅಮಲು ಬರಿಸಲಿಕ್ಕೆ, ಚೇತರಿಸಿಕೊಳ್ಳಲಿಕ್ಕೆ. ಮೂರೂ ನೆರಳಲ್ಲಿ. ಮೊದಲನೆಯದಕ್ಕೂ ಮೂರನೆಯದಕ್ಕೂ ಅಕ್ವೇರಿಯಂ ಅಂಗಡಿಯ ಬ್ಯಾಟರಿ ಗಾಳಿಯಂತ್ರ ಹಾಕಿ.

ಅಮಲಿಗೆ ಲವಂಗದ ಎಣ್ಣೆ. ಅದು ನೀರಿನಲ್ಲಿ ಬೆರೆಯುವುದಿಲ್ಲ, ನೇರ ಸುರಿದರೆ ಮೇಲೆ ತೇಲಿ ಕಿವಿರಿಗೆ ಅಂಟುತ್ತದೆ. 1 ಮಿ.ಲೀ. ಎಣ್ಣೆಯನ್ನು 9 ಮಿ.ಲೀ. ಎಥನಾಲ್‌ನಲ್ಲಿ ಮೊದಲೇ ಕಲಸಿಟ್ಟುಕೊಳ್ಳಿ. 10 ಲೀಟರ್ ಹಳ್ಳದ ನೀರಿಗೆ ಆ ಮಿಶ್ರಣ 3 ಮಿ.ಲೀ. ಹಾಕಿದರೆ ಲೀಟರಿಗೆ ಸುಮಾರು 30 ಮಿ.ಗ್ರಾಂ. ಆಗುತ್ತದೆ. ಮೊದಲು ಎರಡೇ ಮೀನು ಬಿಟ್ಟು ನೋಡಿ. ಮಗ್ಗುಲಾಗಿ ವಾಲಿದರೆ ಸಾಕು, ತೆಗೆದು ಅಳೆಯಿರಿ. ಕಿವಿರುಮುಚ್ಚಳ ಆಡುವುದು ನಿಧಾನವಾಗುತ್ತ ನಿಲ್ಲುವಂತಾದರೆ ತಕ್ಷಣ ತಾಜಾ ನೀರಿಗೆ. ಏಪ್ರಿಲ್, ಮೇಯಲ್ಲಿ ನೀರು ಬೆಚ್ಚಗಾದಾಗ ಅಮಲು ಬೇಗ ಏರುತ್ತದೆ, ಪ್ರಮಾಣ ಇಳಿಸಿ. ಚೆಲ್ಲುವ ನೀರು ಹಳ್ಳಕ್ಕೆ ಬೇಡ, ದಂಡೆಯಿಂದ ದೂರ ಮಣ್ಣಿಗೆ. ಅಮಲು ಬರಿಸಿದ ಮೀನನ್ನು ಊರವರು ಸಾರಿಗೆ ಕೇಳಿದರೂ ಕೊಡಬೇಡಿ.

ಅಂಗೈ ಒದ್ದೆ ಇರಲಿ, ಒಣಗೈಗೆ ಮೀನಿನ ಲೋಳೆ ಕಿತ್ತು ಬರುತ್ತದೆ, ಆಮೇಲೆ ಬೂಷ್ಟು ಹತ್ತುತ್ತದೆ. ಜಾಗಕ್ಕೆ ಜಾತಿಗೆ 30 ಮೀನು ಅಳೆದರೆ ಸಾಕು, ಉಳಿದದ್ದು ಎಣಿಸಿ ಬಿಡಿ. ಉದ್ದ ಮೂತಿಯಿಂದ ಬಾಲದ ಬುಡಕ್ಕೋ, ಬಾಲದ ತುದಿಗೋ, ಒಂದನ್ನು ಹಿಡಿದು ಕೊನೆವರೆಗೂ ಅದನ್ನೇ ಪಾಲಿಸಿ. ಬಾಲದ ಬುಡದ್ದು ಮೇಲು, ಬಾಲ ಹರಿದ ಮೀನು ಬಹಳ ಸಿಗುತ್ತವೆ.

ಜಾತಿ ಗುರುತಿಗೆ ಬರೀ ಬಣ್ಣ ನೆಚ್ಚಬೇಡಿ. ಡಾಕಿನ್ಸಿಯಾ ಫಿಲಮೆಂಟೋಸಾದ ಮರಿಗೂ ದೊಡ್ಡದಕ್ಕೂ ಗುರುತೇ ಬೇರೆ, ಬೆನ್ನುರೆಕ್ಕೆಯ ಎಳೆಗಳು ಬೆಳೆದ ಗಂಡಿಗೆ ಮಾತ್ರ. ಪಕ್ಕದ ಗೆರೆಯ ಮೇಲಿನ ಹುರುಪೆ, ರೆಕ್ಕೆಯ ಕಡ್ಡಿ, ಮೀಸೆ, ಬಾಯಿ ಎತ್ತ ತೆರೆಯುತ್ತದೆ, ಇಷ್ಟು ನೋಡಬೇಕು. ಕಿರಿದಾದ ಗಾಜಿನ ತೊಟ್ಟಿಯಲ್ಲಿ ನೀರು ಹಾಕಿ ಎಡಮಗ್ಗುಲಿನ ಫೋಟೋ ತೆಗೆಯಿರಿ, ರೆಕ್ಕೆ ಬಿಚ್ಚಿ ನಿಲ್ಲುತ್ತದೆ. ಊರಿನ ಹೆಸರನ್ನು ಕೇಳಿದಂತೆಯೇ ಬರೆದುಕೊಳ್ಳಿ. ಆದರೆ ಅದನ್ನೇ ಜಾತಿ ಅಂತ ತಿಳಿಯಬೇಡಿ, ಒಂದೇ ಹೆಸರಿನಡಿ ಮೂರು ಜಾತಿ ಇರುವುದು ಮಾಮೂಲು.

ಗುರುತು ಸಿಗದ ಜಾತಿಗೆ ಎರಡು ಮೂರು ಮಾದರಿ, ಅನುಮತಿಯಲ್ಲಿ ಬರೆದಿದ್ದರೆ ಮಾತ್ರ. ಮೊದಲು ರೆಕ್ಕೆಯ ಚೂರನ್ನು 95% ಎಥನಾಲ್‌ಗೆ ಹಾಕಿ. ಫಾರ್ಮಲಿನ್ ಮುಟ್ಟಿದ ಮೇಲೆ ಡಿಎನ್‌ಎ ಕೆಲಸಕ್ಕೆ ಬರುವುದು ಕಷ್ಟ. ಲವಂಗದೆಣ್ಣೆಯಲ್ಲಿ ಪೂರ್ತಿ ಸತ್ತ ಮೇಲೆ ಮೀನನ್ನು 1 ಪಾಲು ಫಾರ್ಮಲಿನ್, 9 ಪಾಲು ನೀರಿನಲ್ಲಿಡಿ. ಗೇಣುದ್ದಕ್ಕಿಂತ ದೊಡ್ಡದಾದರೆ ಬಲಮಗ್ಗುಲಲ್ಲಿ ಹೊಟ್ಟೆ ಸೀಳಿ, ಇಲ್ಲವಾದರೆ ಒಳಗೇ ಕೊಳೆಯುತ್ತದೆ. ವಾರದ ಮೇಲೆ ನೀರಿನಲ್ಲಿ ನೆನೆಸಿ 70% ಎಥನಾಲ್‌ಗೆ. ಚೀಟಿ ಸೀಸದಕಡ್ಡಿಯಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ. ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗುತ್ತದೆ.

ಕೂಳಿ:
ಗುರುತಿನ ವಿಷಯ ಪಂಡಿತರ ಚರ್ಚೆ ಅಂತ ತಳ್ಳಿಹಾಕಬೇಡಿ. ಕಾವೇರಿಯನ್ನೇ ನೋಡಿ. ಅಲ್ಲಿನ ಗೂನುಬೆನ್ನಿನ ಮಹಶೀರ್ ಮೀನು ಲೋಕಪ್ರಸಿದ್ಧ. ಅದರ ಸರಿಯಾದ ಹೆಸರು ಟಾರ್ ರೆಮಾದೇವಿ ಅಂತ ಖಚಿತವಾದದ್ದು 2018ರಲ್ಲಿ. ಅಷ್ಟರಲ್ಲಿ ದಶಕಗಳಿಂದ ಟಾರ್ ಖುದ್ರೀ ಅನ್ನುವ ಹೊರಗಿನ ಬೇರೆ ಮಹಶೀರ್‌ನ ಮರಿಗಳನ್ನು ಅದೇ ನದಿಗೆ ಬಿಟ್ಟಾಗಿತ್ತು. ಗೂನುಬೆನ್ನಿನದು ಈಗ ಅಳಿವಿನ ಅಂಚಿನಲ್ಲಿದೆ. ನಿಮ್ಮ ವರದಿ ಓದಿದವರು "ಮೀನು ಕಡಿಮೆಯಾಗಿದೆ, ಮರಿ ತಂದು ಬಿಡೋಣ" ಅನ್ನಬಹುದು. ಕಟ್ಟೆಯ ಮೇಲಿನ ಹಳ್ಳದಲ್ಲಿ ಯಾವ ಜಾತಿ ಇತ್ತು ಅಂತ ಮಾದರಿ ಸಮೇತ ತೋರಿಸಿದರೆ ಆ ಮಾತು ಅಲ್ಲಿಗೇ ನಿಲ್ಲುತ್ತದೆ.

ನೀರಳತೆ:
ನೀರಿನ ಅಳತೆ ಬಗ್ಗೆ ಯಾರೂ ಹೇಳಲಿಲ್ಲ. ಆಮ್ಲಜನಕವನ್ನು ಮಧ್ಯಾಹ್ನ ಅಳೆದರೆ ಎಲ್ಲ ಹಳ್ಳವೂ ಆರೋಗ್ಯವಂತ. ಅದು ತಳಕ್ಕಿಳಿಯುವುದು ಬೆಳಕು ಹರಿಯುವ ಮೊದಲು. ಕಟ್ಟೆಯ ಹಿಂದೆ ನಿಂತ ನೀರಿನಲ್ಲಿ ಬೆಳಗಿನ 6ರ ಒಳಗೆ, ಮೇಲ್ಮೈಯಲ್ಲೊಮ್ಮೆ, ತಳದಿಂದ ಒಂದು ಗೇಣು ಮೇಲೊಮ್ಮೆ ಅಳೆಯಿರಿ. ಮಾಗಿದ ಎಲೆ ಕೊಳೆಯುವ ತಳದಲ್ಲೇ ವ್ಯತ್ಯಾಸ ಕಾಣುವುದು. ಮೀಟರಿಗೆ ಸಮುದ್ರಮಟ್ಟದ ಲೆಕ್ಕ ಇರುತ್ತದೆ, ಅಲ್ಲಿನ ಎತ್ತರ ಅಥವಾ ಗಾಳಿಯ ಒತ್ತಡ ಕೊಟ್ಟು ಹೊಂದಿಸಿ.

ಹರಿವಿಗೆ ಮೀಟರ್ ಬೇಡ. ನೇರ ಇರುವ 10 ಮೀಟರ್ ಜಾಗದಲ್ಲಿ ಕಿತ್ತಳೆ ಹಣ್ಣು ತೇಲಿಬಿಡಿ. ಅದು ಮುಕ್ಕಾಲು ಮುಳುಗಿ ತೇಲುವುದರಿಂದ ಗಾಳಿ ತಳ್ಳುವುದಿಲ್ಲ. ಐದು ಸಲದ ಸರಾಸರಿ 20 ಸೆಕೆಂಡ್ ಬಂದರೆ ಮೇಲ್ಮೈ ವೇಗ ಸೆಕೆಂಡಿಗೆ 0.5 ಮೀಟರ್. ತಳದ ನೀರು ನಿಧಾನ, ಆದ್ದರಿಂದ 0.85ರಿಂದ ಗುಣಿಸಿ. ಅಗಲ 4, ಸರಾಸರಿ ಆಳ 0.3 ಮೀಟರ್ ಆದರೆ ಸೆಕೆಂಡಿಗೆ ಸುಮಾರು 510 ಲೀಟರ್.

ಉಣುಗು:
ಡಿಸೆಂಬರ್‌ನಿಂದ ಮೇ ಅಂದರೆ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಅದು ಮೊದಲು ಪತ್ತೆಯಾದದ್ದೇ ನಿಮ್ಮ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. ಹಳ್ಳಕ್ಕಿಳಿಯುವ ದಾರಿಯ ತರಗೆಲೆಯಲ್ಲೇ ಉಣುಗು ಹೆಚ್ಚು. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಆರೋಗ್ಯ ಕೇಂದ್ರದಲ್ಲಿ ಕೇಳಿ ಉಣುಗು ಓಡಿಸುವ ಡೇಪಾ ತೈಲ ಹಚ್ಚಿಕೊಳ್ಳಿ. ಆದರೆ ತೈಲ ಹಚ್ಚಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಮೀನಿನ ಟಬ್ಬಿಗೆ ಇಳಿಸಬೇಡಿ. ದಂಡೆಯಲ್ಲಿ ಒರಗಿ ಕೂತು ಊಟ ಮಾಡಬೇಡಿ. ಸಂಜೆ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ಅಂಕಿಸಂಖ್ಯೆ:
ಅನುಮತಿ: ಜಾಗ ಅಭಯಾರಣ್ಯದೊಳಗೆ ಬಂದರೆ ಮುಖ್ಯ ವನ್ಯಜೀವಿ ವಾರ್ಡನ್ ಅವರದು ಬೇಕು. ಮೀಸಲು ಅರಣ್ಯಕ್ಕೂ ಇಲಾಖೆಯ ಒಪ್ಪಿಗೆ ಬೇಕು. ಅರ್ಜಿಯಲ್ಲಿ ಬಲೆಯ ವಿಧ, ಮಾದರಿಯ ಸಂಖ್ಯೆ, ಹೋಗುವವರ ಹೆಸರು ಎಲ್ಲ ಬರೆಯಿರಿ. ತಿಂಗಳುಗಟ್ಟಲೆ ಹಿಡಿಯಬಹುದು, ಇವತ್ತೇ ಹಾಕಿ.

ಹೊಸಬ:
ಮೂರನೇ ಹಳ್ಳ ಹುಡುಕುತ್ತೇವೆ, ಜೂನ್‌ಗೂ ಅವಧಿ ಕೇಳುತ್ತೇವೆ. ಒಂದೇ ಬಲೆಯನ್ನು ಒಂದೇ ದಿನ ಎರಡು ಹಳ್ಳಕ್ಕೆ ಬಳಸಬಹುದೇ?

ಬೀಸುಬಲೆ:
ಬೇಡ. ಒದ್ದೆ ಬಲೆಯಲ್ಲಿ ರೋಗದ ಬೂಷ್ಟು, ಮರಿಮೀನು, ಮೊಟ್ಟೆ ಅಂಟಿಕೊಂಡೇ ಹೋಗುತ್ತವೆ. ಹಳ್ಳಕ್ಕೊಂದು ಬಲೆ ಇಡಿ. ಆಗದಿದ್ದರೆ ತೊಳೆದು ಎರಡು ದಿನ ಬಿಸಿಲಲ್ಲಿ ಗರಿಗರಿ ಒಣಗಿಸಿ. ಟಬ್ಬು, ಬೂಟು, ಅಳತೆ ಹಲಗೆಗೂ ಇದೇ ಲೆಕ್ಕ.