ಎಡ್ವರ್ಡ್ಸ್, ಚೈನಾ ಲೇಕ್ ಪಕ್ಕದಲ್ಲಿ ಕ್ರಾಸ್‌ಕಂಟ್ರಿ: ರೂಟ್ ಹೇಗೆ ಹಾಕಲಿ?

ಟಿಳಕವಾಡಿ ಹುಡುಗ:

ನಮಸ್ಕಾರ ಎಲ್ಲರಿಗೂ. ಬೆಳಗಾವಿಯವನು. ಪೈಲಟ್ ಲೈಸೆನ್ಸ್‌ಗೆ ಬೇಕಾದ ಹಾರಾಟದ ಗಂಟೆ ತುಂಬಿಸಲು ಮುಂದಿನ ತಿಂಗಳು ಕ್ಯಾಲಿಫೋರ್ನಿಯಾದ ಲ್ಯಾಂಕಾಸ್ಟರ್‌ಗೆ ಹೊರಟಿದ್ದೇನೆ. ನಮ್ಮ ವಿಮಾನಯಾನ ನಿರ್ದೇಶನಾಲಯ ಡಿಜಿಸಿಎಯ ಸಿಪಿಎಲ್‌ಗೆ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) 300 ನಾಟಿಕಲ್ ಮೈಲಿಯ ಕ್ರಾಸ್‌ಕಂಟ್ರಿ, ಅಂದರೆ ಊರಿಂದ ಊರಿಗೆ ಹಾರಾಟ, ಬೇಕಲ್ಲ, ಬೇರೆ ಎರಡು ಏರ್‌ಪೋರ್ಟ್‌ನಲ್ಲಿ ಇಳಿದು ಬರಬೇಕು, ಅದನ್ನು ಅಲ್ಲೇ ಮುಗಿಸುವ ಯೋಚನೆ. ಲ್ಯಾಂಕಾಸ್ಟರ್‌ನ ಏರ್‌ಪೋರ್ಟ್ ಫಾಕ್ಸ್ ಫೀಲ್ಡ್‌ನಿಂದ ಇನ್ಯೋಕರ್ನ್, ಅಲ್ಲಿಂದ ಬಿಷಪ್, ಮತ್ತೆ ವಾಪಸ್. ವಿಮಾನ ಸೆಸ್ನಾ 172.

ಚಾರ್ಟ್ ತರಿಸಿ ಮನೆಯಲ್ಲಿ ನೆಲದ ಮೇಲೆ ಹಾಸಿ ನೋಡಿದೆ. ಎಲ್ಲಿ ನೋಡಿದರೂ ಮಿಲಿಟರಿ ಗೆರೆಗಳೇ! ಲ್ಯಾಂಕಾಸ್ಟರ್‌ನಿಂದ ಸ್ವಲ್ಪ ಉತ್ತರಕ್ಕೇ ಎಡ್ವರ್ಡ್ಸ್ ವಾಯುನೆಲೆಯ ನಿರ್ಬಂಧಿತ ಪ್ರದೇಶ ಆರ್-2515, ಇನ್ಯೋಕರ್ನ್ ಪಕ್ಕ ಆರ್-2506, ಅದರಾಚೆ ನೌಕಾಪಡೆಯ ಶಸ್ತ್ರಾಸ್ತ್ರ ಪರೀಕ್ಷಾ ನೆಲೆ ಚೈನಾ ಲೇಕ್‌ನ ಆರ್-2505, ಇವೆಲ್ಲದರ ಸುತ್ತ ದೊಡ್ಡ ದೊಡ್ಡ ಎಂಒಎ (ಮಿಲಿಟರಿ ವಿಮಾನಗಳು ತರಬೇತಿ ಮಾಡುವ ಆಕಾಶ). ಎಂಒಎ ಒಳಗೆ ಹೋಗಬಹುದೋ ಇಲ್ಲವೋ? ನಿರ್ಬಂಧಿತ ಜಾಗದಿಂದ ಎಷ್ಟು ದೂರ ಇರಬೇಕು? ರೇಡಿಯೋದಲ್ಲಿ ಕೇಳಿದರೆ ಒಳಗೆ ಬಿಡುತ್ತಾರಾ? ನಮ್ಮ ಅಪ್ಪ ಬೇರೆ, ಮಿಲಿಟರಿ ಜಾಗದ ಹತ್ತಿರ ಯಾಕೆ ಹೋಗ್ತೀಯಾ, ಬೇರೆ ದಿಕ್ಕೇ ಇಲ್ವಾ ಅಂತ ದಿನಾ ಕೇಳುತ್ತಿದ್ದಾರೆ. ಅಲ್ಲಿ ಹಾರಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಗುಮ್ಮಟದೂರಿನವಳು (ವಿಜಯಪುರ):

ತಮ್ಮಾ, ನಾನು ಅದೇ ಕಣಿವೆಯಲ್ಲಿ ಗಂಟೆ ತುಂಬಿಸಿದವಳು. ಮೊದಲು ಗೆರೆಗಳ ಬಣ್ಣ ಬೇರೆ ಮಾಡಿಕೋ. ನೀಲಿ ಗೆರೆಗೆ ಒಳಮುಖವಾಗಿ ಬಾಚಣಿಗೆ ಹಲ್ಲಿನಂತೆ ಸಣ್ಣ ಗೆರೆಗಳಿದ್ದರೆ ಅದು ನಿರ್ಬಂಧಿತ ಪ್ರದೇಶ. ಅದೇ ಥರ ಮಜೆಂಟಾ ಬಣ್ಣದಲ್ಲಿದ್ದರೆ ಎಂಒಎ. ಎರಡಕ್ಕೂ ಕಾನೂನು ಪೂರ್ತಿ ಬೇರೆ. ಎಂಒಎ ಒಳಗೆ ವಿಎಫ್‌ಆರ್ (ಹೊರಗೆ ಕಣ್ಣಿಂದ ನೋಡಿಕೊಂಡು ಹಾರುವ) ವಿಮಾನ ಅನುಮತಿ ಇಲ್ಲದೆಯೇ ಹೋಗಬಹುದು. ಆದರೆ ಫೈಟರ್‌ಗಳು ಅಲ್ಲೇ ತಿರುಗುತ್ತಿರುತ್ತವೆ, ಕಣ್ಣು ಹೊರಗೇ ಇರಬೇಕು. ನಿರ್ಬಂಧಿತ ಪ್ರದೇಶ ಜಾರಿಯಲ್ಲಿರುವಾಗ ಅನುಮತಿ ಇಲ್ಲದೆ ಒಂದು ರೆಕ್ಕೆಯೂ ಒಳಗೆ ಹೋಗಬಾರದು. ಇಸಬೆಲ್ಲಾ, ಓವೆನ್ಸ್ ಎಂಒಎಗಳನ್ನು ದಾಟದೆ ಬಿಷಪ್ ಮುಟ್ಟುವುದು ಆಗುವುದಿಲ್ಲ, ಅದಕ್ಕೆ ಹೆದರಬೇಡ.

ಅನುಮತಿ ಸಿಗುತ್ತದಾ ಅಂತ ಕೇಳಿದೆ. ಸಿಗುತ್ತದೆ ಅಂದುಕೊಂಡು ಪ್ಲಾನ್ ಮಾಡಲೇಬೇಡ. ಆರ್-2515, ಆರ್-2505 ಎರಡೂ ನೆಲದಿಂದ ಮಿತಿಯಿಲ್ಲದ ಎತ್ತರದವರೆಗೆ, ವರ್ಷವಿಡೀ ಜಾರಿಯಲ್ಲಿರುತ್ತವೆ. ಯಾರ ಹತ್ತಿರವೂ ಏನೂ ಕೇಳದೆ, ರೇಡಿಯೋ ಸತ್ತರೂ ಹೊರಗೇ ಉಳಿಯುವ ರೂಟ್ ಹಾಕು. ಅನುಮತಿ ಸಿಕ್ಕರೆ ದಾರಿ ಸ್ವಲ್ಪ ಹತ್ತಿರವಾದೀತು, ಅಷ್ಟೇ.

ಅಲ್ಲಿ ಅಂಥ ರೂಟ್ ತಾನಾಗಿಯೇ ಇದೆ, ಅದೇ ಹೆದ್ದಾರಿ. ಫಾಕ್ಸ್ ಫೀಲ್ಡ್‌ನಿಂದ ಎದ್ದು ಮೊಜಾವೆ ಕಡೆ ಹೋಗು. ಹಳೆಯ ಏರ್‌ಲೈನರ್‌ಗಳನ್ನು ಮರಳುಗಾಡಿನಲ್ಲಿ ಸಾಲಾಗಿ ನಿಲ್ಲಿಸಿರುತ್ತಾರೆ, ದೂರದಿಂದಲೇ ಬಾಲಗಳು ಬಿಸಿಲಿಗೆ ಮಿಂಚುತ್ತವೆ, ಗುರುತು ತಪ್ಪುವುದೇ ಇಲ್ಲ. ಅಲ್ಲಿ ಟವರ್ ಇದೆ, ಮಾತಾಡಿಕೊಂಡೇ ಹೋಗಬೇಕು. ಆರ್-2515 ಅದರ ಪೂರ್ವಕ್ಕೇ ಶುರು, ಹಾಗಾಗಿ ಪಶ್ಚಿಮದ ಕಡೆ ಇರು. ಅಲ್ಲಿಂದ ಹೆದ್ದಾರಿ 14 ಹಿಡಿದು ರೆಡ್ ರಾಕ್ ಕ್ಯಾನಿಯನ್, ಆಮೇಲೆ ಇನ್ಯೋಕರ್ನ್. ಮುಂದೆ ಹೆದ್ದಾರಿ 395. ಲಿಟಲ್ ಲೇಕ್, ಒಲಾಂಚಾ, ಒಣಗಿದ ಓವೆನ್ಸ್ ಕೆರೆ, ಲೋನ್ ಪೈನ್, ಬಿಷಪ್. ರಸ್ತೆಯ ಮೇಲೆ ಅಥವಾ ರಸ್ತೆಯಿಂದ ಪಶ್ಚಿಮಕ್ಕೆ, ಪೂರ್ವಕ್ಕೆ ದಾಟಬೇಡ. ಹೋಗಿ ಬರುವುದು ಸುಮಾರು 330 ನಾಟಿಕಲ್ ಮೈಲಿ ಆಗುತ್ತದೆ, ನಿನ್ನ 300 ಆರಾಮವಾಗಿ ಮುಗಿಯುತ್ತದೆ.

ಎತ್ತರದ್ದು ಒಂದು ಮಾತು, ಹಾರುವ ದಿಕ್ಕಿನ ಮೇಲೆ ಅದು ಬದಲಾಗುತ್ತದೆ. ಮೊಜಾವೆಯಿಂದ ಇನ್ಯೋಕರ್ನ್‌ಗೆ ಮ್ಯಾಗ್ನೆಟಿಕ್ ದಿಕ್ಕು ಉತ್ತರದಿಂದ ಸ್ವಲ್ಪ ಪೂರ್ವಕ್ಕೆ, ಹಾಗಾಗಿ 7,500 ಅಡಿ. ಇನ್ಯೋಕರ್ನ್ ದಾಟಿದ ಮೇಲೆ ದಿಕ್ಕು ಪಶ್ಚಿಮಕ್ಕೆ ವಾಲುತ್ತದೆ, 8,500. ಈ ಬದಲಾವಣೆಯನ್ನು ನ್ಯಾವ್‌ಲಾಗ್‌ನಲ್ಲೇ (ದಾರಿಯ ಲೆಕ್ಕದ ಹಾಳೆ) ಬರೆದುಕೋ.

ಸಾಂಬ್ರಾ ನಿವೃತ್ತ:

ವಾಯುಪಡೆಯಲ್ಲಿ ಇದ್ದವನು, ಈಗ ಬೆಳಗಾವಿಯಲ್ಲೇ ಮನೆ. ತಮ್ಮಾ, ನಿಮ್ಮ ತಂದೆಯವರು ಕೇಳಿದ್ದು ಸರಿಯಾದ ಪ್ರಶ್ನೆ. ಬೇರೆ ದಿಕ್ಕು ಖಂಡಿತ ಇದೆ. ಟೆಹಾಚಪಿ ದಾಟಿ ಬೇಕರ್ಸ್‌ಫೀಲ್ಡ್, ಫ್ರೆಸ್ನೋ ಕಡೆ ಹೋದರೆ ಬಯಲು ಸೀಮೆ, ಇಳಿಯಲು ಏರ್‌ಪೋರ್ಟ್‌ಗಳೂ ಜಾಸ್ತಿ. ಅದನ್ನೂ ಪೂರ್ತಿ ಪ್ಲಾನ್ ಮಾಡಿ ಚೀಲದಲ್ಲಿ ಇಟ್ಟುಕೋ. ಬೆಳಿಗ್ಗೆ ಗಾಳಿ ಸರಿ ಇಲ್ಲದಿದ್ದರೆ ಕಣಿವೆ ಬಿಟ್ಟು ಆ ಕಡೆ ಹೋಗು.

ಗಾಳಿಯ ಮಾತು ಯಾಕೆ ಎತ್ತಿದೆ ಅಂದರೆ, ಎಲ್ಲರೂ ಬಲಗಡೆಯ ನೀಲಿ ಗೆರೆಯನ್ನೇ ನೋಡುತ್ತಾರೆ. ಎಡಗಡೆ ಸಿಯೆರಾ ನೆವಾಡಾ ನಿಂತಿದೆ. ಮೌಂಟ್ ವಿಟ್ನಿ 14,500 ಅಡಿ, ನಿನ್ನ 172 ಅದರ ಮೇಲೆ ಹತ್ತುವುದಿಲ್ಲ. ಪಶ್ಚಿಮದ ಗಾಳಿ ಜೋರಾಗಿದ್ದರೆ ಬೆಟ್ಟದ ಈ ಬದಿಯಲ್ಲಿ ರೋಟರ್ ಅನ್ನುವ ಸುಳಿಗಾಳಿ ಹುಟ್ಟುತ್ತದೆ, ಸಣ್ಣ ವಿಮಾನವನ್ನು ಎತ್ತಿ ಕುಕ್ಕುತ್ತದೆ. ಆಗ ಪೈಲಟ್ ಏನು ಮಾಡುತ್ತಾನೆ? ಬೆಟ್ಟದಿಂದ ದೂರ ಸರಿಯುತ್ತಾನೆ, ಅಂದರೆ ಪೂರ್ವಕ್ಕೆ, ನೇರವಾಗಿ ಚೈನಾ ಲೇಕ್ ಕಡೆಗೆ. ಗೆರೆ ದಾಟುವುದು ಹೀಗೆ. ನಕ್ಷೆ ಓದಲು ಬಾರದೆ ದಾಟುವವರು ಕಡಿಮೆ. ಅದಕ್ಕೇ ಗೆರೆಯಿಂದ ಎಷ್ಟು ದೂರ ಅನ್ನುವುದಕ್ಕೆ ಒಂದೇ ನಂಬರ್ ಇಲ್ಲ. ಜಾಗ ಇದ್ದಲ್ಲಿ ಮೂರ್ನಾಲ್ಕು ಮೈಲಿ ಬಿಡು, ಲಿಟಲ್ ಲೇಕ್ ಹತ್ತಿರ ಇಕ್ಕಟ್ಟಾದಾಗ ರಸ್ತೆಯನ್ನೇ ನಂಬು, ಗಾಳಿ ಇರುವ ದಿನ ಹೋಗಲೇಬೇಡ.

ಇನ್ನೊಂದು. ಜಿಪಿಎಸ್ ಮೇಲಿನ ನೇರಳೆ ಗೆರೆ ಹಿಡಿದು ಹೋದರೆ ಸಾಕು ಅಂದುಕೊಳ್ಳಬೇಡ. ಚೈನಾ ಲೇಕ್‌ನಲ್ಲಿ ಜಿಪಿಎಸ್‌ಗೆ ಅಡ್ಡಿ ಮಾಡುವ ಪರೀಕ್ಷೆಗಳು ನಡೆಯುತ್ತವೆ. 2016ರ ಜೂನ್‌ನಲ್ಲಿ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಇದಕ್ಕೆಂದೇ ಪೈಲಟ್‌ಗಳಿಗೆ ಎಚ್ಚರಿಕೆ ಹೊರಡಿಸಿತ್ತು. ನೋಟಾಮ್‌ನಲ್ಲಿ (ಪೈಲಟ್‌ಗಳಿಗೆ ಕೊಡುವ ಸೂಚನೆ) ಬಂದಿರುತ್ತದೆ, ಹೊರಡುವ ದಿನವೇ ಓದು. ಕಿಟಕಿಯಿಂದ ಕಾಣುವ ರಸ್ತೆ, ಕೆರೆ, ರೈಲು ಹಳಿ, ಇವಕ್ಕೆ ಸಮಯ ಬರೆದು ಟಿಕ್ ಮಾಡುತ್ತಾ ಹೋಗು.

ಇಲ್ಲಿ ನಾವು ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ನಂಬರ್, ಎಡಿಸಿ (ವಾಯು ರಕ್ಷಣಾ ಅನುಮತಿ) ನಂಬರ್ ಕೈಗೆ ಬರದೆ ಕ್ರಾಸ್‌ಕಂಟ್ರಿಗೆ ಹೊರಡುವುದಿಲ್ಲ. ಗೋವಾ ಕಡೆ ಹೋದರೆ ನೌಕಾಪಡೆಯ ಡಾಬೋಲಿಮ್. ಯಾರಾದರೂ ನಮ್ಮನ್ನು ತಡೆದು ಕೇಳುತ್ತಾರೆ ಅನ್ನುವುದು ಅಭ್ಯಾಸವಾಗಿಬಿಟ್ಟಿದೆ. ಅಮೆರಿಕದಲ್ಲಿ ವಿಎಫ್‌ಆರ್‌ನಲ್ಲಿ ಫ್ಲೈಟ್ ಪ್ಲಾನ್ ಕೂಡ ಇಲ್ಲದೆ ಹೊರಡಬಹುದು, ತಡೆಯುವವರು ಇರುವುದಿಲ್ಲ. ಪೂರ್ತಿ ಜವಾಬ್ದಾರಿ ನಿನ್ನ ತಲೆ ಮೇಲೆ.

ನವನಗರ ಬಾಗಲಕೋಟೆ:

ನಾನು ಇಂಗ್ಲೆಂಡಿನಲ್ಲಿ ಹಾರುತ್ತೇನೆ. ಒಂದು ದೇಶದ ನಿಯಮ ಇನ್ನೊಂದಕ್ಕೆ ಬರುವುದಿಲ್ಲ, ಅದನ್ನು ಹೇಳಬೇಕು ಅನಿಸಿತು. ಇಲ್ಲಿ ಮಿಲಿಟರಿ ಏರ್‌ಫೀಲ್ಡ್ ಸುತ್ತ ಮ್ಯಾಟ್ಜ್ ಅಂತ ಒಂದು ವಲಯ ಇರುತ್ತದೆ, ಸಾಮಾನ್ಯವಾಗಿ 5 ನಾಟಿಕಲ್ ಮೈಲಿ ತ್ರಿಜ್ಯ, ಮೇಲಕ್ಕೆ 3,000 ಅಡಿ. ಒಳಗೆ ಹೋಗುವ 15 ಮೈಲಿ ಅಥವಾ 5 ನಿಮಿಷ ಮೊದಲೇ ಕರೆ ಮಾಡಲು ಹೇಳುತ್ತಾರೆ. ಡೇಂಜರ್ ಏರಿಯಾಗಳಿಗೆ ಚಾರ್ಟ್‌ನಲ್ಲೇ ಫ್ರೀಕ್ವೆನ್ಸಿ ಇರುತ್ತದೆ, ಕರೆದರೆ ಉತ್ತರ ಬರಲಿಲ್ಲವಾ, ಚಾಲೂ ಇದೆ ಎಂದೇ ತಿಳಿಯಬೇಕು. ಫ್ರಾನ್ಸ್‌ಗೆ ಹೋದರೆ ಇನ್ನೂ ಹುಷಾರು. ಅಲ್ಲಿ ಆರ್‌ಟಿಬಿಎ ಅಂತ ತೀರಾ ಕೆಳಮಟ್ಟದ ದಾರಿಗಳ ಜಾಲವಿದೆ, ಫೈಟರ್‌ಗಳು ಮೋಡದೊಳಗೂ ನುಗ್ಗುತ್ತವೆ, ಅವರಿಗೆ ನೀವು ಕಾಣುವುದೇ ಇಲ್ಲ. ಯಾವ ಹೊತ್ತಿಗೆ ಯಾವ ಭಾಗ ಜಾರಿಯಲ್ಲಿದೆ ಎಂಬ ನಕ್ಷೆ ನೋಡದೆ ಎಂಜಿನ್ ಶುರು ಮಾಡಬಾರದು.

ಟಿಳಕವಾಡಿ ಹುಡುಗ:

ಅಕ್ಕಾ, ಸರ್, ತುಂಬಾ ಉಪಕಾರವಾಯಿತು. ಸಂಜೆ ಕೂತು ಅಪ್ಪನ ಮುಂದೆಯೇ ಎರಡೂ ರೂಟ್ ಹಾಕುತ್ತೇನೆ. ಇನ್ನೆರಡು ಸಂದೇಹ. ಆ ಪ್ರದೇಶದ ರಾಡಾರ್ ಕಂಟ್ರೋಲ್ ಜೋಶುವಾ ಅಪ್ರೋಚ್‌ಗೆ ಏನಂತ ಹೇಳಬೇಕು? ಅವರ ಜೊತೆ ಮಾತಾಡುತ್ತಿದ್ದರೆ ಗೆರೆ ದಾಟುವ ಮೊದಲು ಅವರೇ ಎಚ್ಚರಿಸುತ್ತಾರಾ?

ಗುಮ್ಮಟದೂರಿನವಳು (ವಿಜಯಪುರ):

ಉದ್ದ ಬೇಡ. ಕಾಲ್‌ಸೈನ್, ಎಲ್ಲಿದ್ದೀಯ, ಎಷ್ಟು ಎತ್ತರ, ಎಲ್ಲಿಗೆ, ಏನು ಬೇಕು. "ಮೊಜಾವೆಯಿಂದ 5 ಮೈಲಿ ಉತ್ತರ, 7,500, ಇನ್ಯೋಕರ್ನ್‌ಗೆ ವಿಎಫ್‌ಆರ್, ಫ್ಲೈಟ್ ಫಾಲೋಯಿಂಗ್ ಕೊಡಿ." ಫ್ರೀಕ್ವೆನ್ಸಿ ಚಾರ್ಟ್ ಅಂಚಿನ ಪಟ್ಟಿಯಲ್ಲಿದೆ, ಅಲ್ಲೇ ಪ್ರತಿ ಎಂಒಎಯ ಸಮಯ, ಎತ್ತರವೂ ಇದೆ. ಶನಿವಾರ, ಭಾನುವಾರ ಫೈಟರ್‌ಗಳ ಓಡಾಟ ಕಡಿಮೆ, ಮೊದಲ ಸಲಕ್ಕೆ ಆ ದಿನವೇ ಆರಿಸಿಕೋ. ಆಗಲೂ ನೀಲಿ ಗೆರೆಯೊಳಗೆ ಹೋಗುವಂತಿಲ್ಲ.

ಅವರು ಎಚ್ಚರಿಸಬಹುದು, ಅದನ್ನೇ ನೆಚ್ಚಬೇಡ. ಫ್ಲೈಟ್ ಫಾಲೋಯಿಂಗ್ ಅಂದರೆ ರಾಡಾರ್‌ನಲ್ಲಿ ನಿನ್ನ ಮೇಲೆ ಕಣ್ಣಿಡುವುದು, ಒಳಗೆ ಹೋಗಲು ಅನುಮತಿ ಅಲ್ಲ. ಕಣಿವೆಯಲ್ಲಿ ಕೆಳಗಿದ್ದರೆ ರಾಡಾರ್‌ಗೂ ಸರಿಯಾಗಿ ಕಾಣುವುದಿಲ್ಲ, ಸೇವೆ ಮುಗಿಯಿತು, ಟ್ರಾನ್ಸ್‌ಪಾಂಡರ್‌ನಲ್ಲಿ (ರಾಡಾರ್‌ಗೆ ಗುರುತು ಕಳಿಸುವ ಯಂತ್ರ) ವಿಎಫ್‌ಆರ್ ಕೋಡ್ 1200 ಹಾಕು ಅಂದುಬಿಡುತ್ತಾರೆ. ರೇಡಿಯೋನೇ ಕೆಟ್ಟರೆ ಅದಕ್ಕಿರುವ ಕೋಡ್ 7600 ಹಾಕಿ ರಸ್ತೆ ಬಿಡದೆ ಹೋಗಿ ಇನ್ಯೋಕರ್ನ್‌ನಲ್ಲಿ ಇಳಿ. ಅಲ್ಲಿ ಟವರ್ ಇಲ್ಲ, ಎತ್ತರವೂ ಹೆಚ್ಚುಕಡಿಮೆ ನಿಮ್ಮ ಬೆಳಗಾವಿ ಏರ್‌ಪೋರ್ಟ್ ಸಾಂಬ್ರಾದಷ್ಟೇ, ಎರಡೂವರೆ ಸಾವಿರ ಅಡಿ ಹತ್ತಿರ. ಆದರೆ ಬೇಸಿಗೆಯ ಮಧ್ಯಾಹ್ನ ಆ ಮರಳುಗಾಡಿನ ಬಿಸಿಗೆ ವಿಮಾನ ಏಳಲು ಜಾಸ್ತಿ ರನ್‌ವೇ ತಿನ್ನುತ್ತದೆ, ಬಿಷಪ್‌ನಲ್ಲಿ 4,100 ಅಡಿಗೆ ಇನ್ನೂ ಜಾಸ್ತಿ. ಆದ್ದರಿಂದ ಬೆಳಗಿನ ಜಾವವೇ ಹೊರಡು, ಹತ್ತು ಗಂಟೆಯೊಳಗೆ ಬಿಷಪ್‌ನಿಂದ ವಾಪಸ್ ಎದ್ದಿರಬೇಕು. ವಾಪಸ್ ಬರುವಾಗ ಇನ್ಯೋಕರ್ನ್‌ವರೆಗೆ 9,500, ಅಲ್ಲಿಂದ ಮುಂದೆ ದಿಕ್ಕು ಪಶ್ಚಿಮಕ್ಕೆ ವಾಲುತ್ತದೆ, 8,500.